ಬ್ಲೌಸ್ ಹೊಲಿಗೆಗೆ ಬಜಾರಿನ ಮಳಿಗೆ ಬೇಕೇ?

ಪ್ರಶ್ನೆ: ಹಾಸನದ ಸಾಲಗಾಮೆ ರಸ್ತೆಯ ಕಡೆಯ ಬಡಾವಣೆಯೊಂದರಲ್ಲಿ ಏಳು ವರ್ಷಗಳಿಂದ ಮನೆಯಲ್ಲಿಯೇ ಬ್ಲೌಸ್ ಹೊಲಿಯುತ್ತಿದ್ದೇನೆ, ಮದುವೆ ಬ್ಲೌಸ್‌ಗಳಿಗೆ ಆರಿ ವರ್ಕ್ ಕೂಡ ಮಾಡುತ್ತೇನೆ. ಜೊತೆಗೆ ಒಬ್ಬ ಸಹಾಯಕಿ ಇದ್ದಾಳೆ. ತಿಂಗಳಿಗೆ ಸುಮಾರು 90 ಬ್ಲೌಸ್ ಆಗುತ್ತವೆ. ಲೈನಿಂಗ್, ದಾರ, ಸಹಾಯಕಿಯ ಕೂಲಿ ಕಳೆದು ಒಂದಕ್ಕೆ 300 ರೂಪಾಯಿ ಉಳಿಯುತ್ತದೆ. ಲಗ್ನದ ತಿಂಗಳುಗಳಲ್ಲಿ ವಾರಕ್ಕೆ ಎಂಟು–ಹತ್ತು ಮಂದಿಯನ್ನು ವಾಪಸ್ ಕಳುಹಿಸುವುದೂ ಉಂಟು. ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ. ಹೊತ್ತುಗೊತ್ತಿಲ್ಲದೆ ಜನ ಬರುವುದರಿಂದ ಅವಳಿಗೆ ಓದಲು ಜಾಗವಿಲ್ಲ. ಬಸ್ ನಿಲ್ದಾಣದ ಹತ್ತಿರ ರಸ್ತೆಗೆ ಮುಖ ಮಾಡಿದ ಮಳಿಗೆಯೊಂದಿದೆ: ಬಾಡಿಗೆ 14,000, ಅಡ್ವಾನ್ಸ್ ಒಂದೂವರೆ ಲಕ್ಷ. ಮನೆಯಿಂದ ಐದು ನಿಮಿಷದ ದಾರಿಯಲ್ಲಿ ಮೊದಲ ಮಹಡಿಯ ಕೋಣೆ ಇನ್ನೊಂದು: ಬಾಡಿಗೆ 5,500, ಅಡ್ವಾನ್ಸ್ 40,000. ಯಾವುದನ್ನು ಹಿಡಿಯಲಿ? ಸಾಲ ಮಾಡಬಹುದೇ?
— ಓದುಗರು, ಹಾಸನ

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬಾಡಿಗೆಯ ಅಂಕಿಗಳಲ್ಲ, ಬಂದವರನ್ನು ವಾಪಸ್ ಕಳುಹಿಸುತ್ತಿದ್ದೇನೆ ಎಂಬ ಮಾತು. ರಸ್ತೆಬದಿಯ ಮಳಿಗೆಗೆ ನಾವು ಹೆಚ್ಚಿನ ಬಾಡಿಗೆ ಕೊಡುವುದು ಅದು ಹೊಸಬರನ್ನು ಒಳಗೆ ಕರೆತರುತ್ತದೆ ಎಂಬ ಒಂದೇ ಕಾರಣಕ್ಕೆ. ನಿಮ್ಮಲ್ಲಿ ಕಡಿಮೆಯಾಗಿರುವುದು ಗಿರಾಕಿಗಳಲ್ಲ. ಹೊಲಿಯುವ ಕೈಗಳು ಮತ್ತು ಕೂತು ಕೆಲಸ ಮಾಡುವ ಜಾಗ. ಆದ್ದರಿಂದ ಬಸ್ ನಿಲ್ದಾಣದ ಮಳಿಗೆಯನ್ನು ಸದ್ಯಕ್ಕೆ ಬಿಡಿ ಎಂದೇ ನನ್ನ ಸಲಹೆ.

ಲೆಕ್ಕವನ್ನೂ ನೋಡೋಣ. ಬಾಡಿಗೆ 14,000, ಅಡ್ವಾನ್ಸಿನ ಹಣವನ್ನು ನೂರಕ್ಕೆ ಒಂದು ರೂಪಾಯಿ ಬಡ್ಡಿಗೆ ತಂದರೂ ತಿಂಗಳಿಗೆ 1,500, ವಿದ್ಯುತ್ತು ಮತ್ತು ಚಿಲ್ಲರೆ ಖರ್ಚಿಗೆ 1,500 ಎಂದಿಟ್ಟುಕೊಳ್ಳಿ. ಬಜಾರಿನಲ್ಲಿ ಬಾಗಿಲು ತೆರೆದ ಮೇಲೆ ಅಳತೆ ಕೇಳುವವರು, ಡಿಸೈನ್ ನೋಡಿ ಹೋಗುವವರು, ಸುಮ್ಮನೆ ದರ ವಿಚಾರಿಸುವವರು ಇಡೀ ದಿನ ಬರುತ್ತಾರೆ. ಅವರೊಡನೆ ಮಾತನಾಡುತ್ತ ನೀವೇ ನಿಂತರೆ ಮಷೀನು ನಿಲ್ಲುತ್ತದೆ, ಹಾಗಾಗಿ 8,000 ಕೊಟ್ಟಾದರೂ ಒಬ್ಬರನ್ನು ಇಟ್ಟುಕೊಳ್ಳಬೇಕು. ಒಟ್ಟು 25,000 ರೂಪಾಯಿ. ಒಂದು ಬ್ಲೌಸಿಗೆ 300 ಉಳಿಯುವಲ್ಲಿ ಈ ಖರ್ಚನ್ನು ತೀರಿಸುವುದಕ್ಕೇ 84 ಬ್ಲೌಸ್ ಹೆಚ್ಚಿಗೆ ಹೊಲಿಯಬೇಕು, ಅಂದರೆ ಈಗಿನ ದುಡಿಮೆಯನ್ನು ಹೆಚ್ಚುಕಡಿಮೆ ಎರಡು ಪಟ್ಟು ಮಾಡಬೇಕು. ಅಷ್ಟು ಮಾಡಿದ ಮೇಲೂ ನಿಮ್ಮ ಕೈಗೆ ಸಿಗುವುದು ಇಂದು ಸಿಗುವಷ್ಟೇ.

ಜನಸಂದಣಿ ಇರುವಲ್ಲೆಲ್ಲ ವ್ಯಾಪಾರ ಇರುತ್ತದೆ ಎಂಬ ನಂಬಿಕೆ ಎಲ್ಲ ಕಸುಬಿಗೂ ಹೊಂದುವುದಿಲ್ಲ. ಆಶ್ವಯುಜದಲ್ಲಿ ಹಾಸನಾಂಬೆಯ ಬಾಗಿಲು ತೆರೆದ ದಿನಗಳನ್ನೇ ನೆನಪು ಮಾಡಿಕೊಳ್ಳಿ: ಪೇಟೆ ತುಂಬಿ ತುಳುಕುತ್ತದೆ, ಹೂವಿನವರಿಗೆ, ಹೋಟೆಲಿನವರಿಗೆ ಬಿಡುವಿರುವುದಿಲ್ಲ, ಆದರೆ ದರ್ಶನಕ್ಕೆ ಬಂದವರು ಬ್ಲೌಸ್ ಹೊಲಿಸಲು ಅಳತೆ ಕೊಟ್ಟು ಹೋಗುವುದಿಲ್ಲ. ಹೊಲಿಗೆ ಕೈಗುಣದ ಕೆಲಸ. ತೋಳು ಸರಿಯಾಗಿ ಕೂತಿದೆ ಎಂದು ಒಬ್ಬರು ತಮ್ಮ ನಾದಿನಿಗೆ ಹೇಳಿದರೆ ಆಕೆ ಹುಡುಕಿಕೊಂಡು ಬರುತ್ತಾರೆ. ಏಳು ವರ್ಷ ನಾಮಫಲಕವೇ ಇಲ್ಲದ ಮನೆಗೆ ಜನ ಬಂದಿರುವುದು ಹೀಗೆಯೇ ಅಲ್ಲವೇ?

ಹತ್ತಿರದ ಕೋಣೆಯ ವಿಷಯ ಬೇರೆ. ಬಾಡಿಗೆ, ಅಡ್ವಾನ್ಸಿನ ಬಡ್ಡಿ, ವಿದ್ಯುತ್ತು ಸೇರಿ ತಿಂಗಳಿಗೆ ಸುಮಾರು 6,700 ಆಗುತ್ತದೆ. ಬಂದವರನ್ನು ವಾಪಸ್ ಕಳುಹಿಸುವಷ್ಟು ಬೇಡಿಕೆ ಇರುವಾಗ ಮಜೂರಿಯನ್ನು 50 ರೂಪಾಯಿ ಏರಿಸಲು ನೀವು ಹಿಂಜರಿಯಬೇಕಾಗಿಲ್ಲ. ಗಿರಾಕಿಗಳು ಉಳಿದುಕೊಂಡರೆ 90 ಬ್ಲೌಸಿಗೆ 4,500 ಅಲ್ಲಿಯೇ ಬಂತು, ಮಿಕ್ಕ 2,200ಕ್ಕೆ ಏಳು ಬ್ಲೌಸ್ ಹೆಚ್ಚಿಗೆ ಹೊಲಿದರೆ ಸಾಕು. ದರ ಏರಿಸುವ ಕೆಲಸವನ್ನು ಕೋಣೆ ಹಿಡಿಯುವುದಕ್ಕೆ ಎರಡು ತಿಂಗಳು ಮೊದಲೇ, ಮನೆಯಲ್ಲಿದ್ದುಕೊಂಡೇ ಮಾಡಿ ನೋಡಿ. ಜೊತೆಗೆ ಬೆಳಿಗ್ಗೆ 11ರಿಂದ 1, ಸಂಜೆ 4ರಿಂದ 6 ಎಂದು ವೇಳೆ ಗೊತ್ತುಪಡಿಸಿ, ವಾಪಸ್ ಹೋದ ಪ್ರತಿಯೊಬ್ಬರ ಕಾರಣವನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ. ದರ ಹೆಚ್ಚಾಯಿತೆಂದು ಹೋದವರು, ಹೇಳಿದ ದಿನಕ್ಕೆ ಕೊಡಲಾಗದೆ ಹೋದವರು, ಮನೆ ಸಿಗದೆ ಅಲೆದವರು ಎಂದು ಬೇರೆಬೇರೆಯಾಗಿ ಬರೆಯಿರಿ. ಎರಡನೆಯ ಬಗೆಯವರೇ ಹೆಚ್ಚಿದ್ದರೆ ಇನ್ನೊಬ್ಬ ಸಹಾಯಕಿ ಬೇಕು. ಮೂರನೆಯ ಬಗೆಯವರು ಹೆಚ್ಚಿದ್ದರೆ ಮಾತ್ರ ಬಜಾರಿನ ಮಾತನ್ನು ಮತ್ತೆ ಎತ್ತಬಹುದು. ಮಗಳ ಓದಿಗೆ ಸಿಗುವ ನೆಮ್ಮದಿಯನ್ನು ನಾನು ಲೆಕ್ಕಕ್ಕೆ ಸೇರಿಸಿಲ್ಲ, ಆದರೆ ಕೋಣೆಯ ಪರವಾಗಿ ನನ್ನ ಮನಸ್ಸು ವಾಲಲು ಅದೂ ಒಂದು ಕಾರಣ ಎಂಬುದನ್ನು ಮುಚ್ಚಿಡುವುದಿಲ್ಲ.

ಮಾತುಕತೆಗೆ ಆಷಾಢ ಒಳ್ಳೆಯ ಕಾಲ. ಲಗ್ನಗಳಿಲ್ಲ, ಹೊಸ ಅಂಗಡಿಗೆ ಯಾರೂ ಪೂಜೆ ಮಾಡುವುದಿಲ್ಲ, ಖಾಲಿ ಕೋಣೆಯ ಮಾಲೀಕರು ಬಾಡಿಗೆ ಇಳಿಸಲು ಒಪ್ಪುವ ಸಂಭವ ಹೆಚ್ಚು. ಆಗ ಮಾತು ಮುಗಿಸಿಕೊಂಡು ಶ್ರಾವಣದಲ್ಲಿ ಪ್ರವೇಶ ಮಾಡಿದರೆ ವರಮಹಾಲಕ್ಷ್ಮಿ, ಗೌರಿ, ದಸರಾ ಎಂದು ಕೆಲಸ ಸಾಲುಗಟ್ಟಿ ಬರುತ್ತದೆ. ಕರಾರನ್ನು 11 ತಿಂಗಳಿಗೇ ಮಾಡಿಕೊಳ್ಳಿ. ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಬೇಕಾಗುತ್ತದೆ. ಬಿಡುವಾಗ ಅಡ್ವಾನ್ಸ್ ಎಷ್ಟು ದಿನದಲ್ಲಿ ಹಿಂದಿರುಗಬೇಕು, ಸುಣ್ಣಬಣ್ಣಕ್ಕೆ ಎಷ್ಟು ಹಿಡಿದುಕೊಳ್ಳುತ್ತಾರೆ, ಮೀಟರ್ ಪ್ರತ್ಯೇಕವೇ ಎಂಬುದೆಲ್ಲ ಬರಹದಲ್ಲಿರಲಿ. ಗೃಹಜ್ಯೋತಿ ಗೃಹಬಳಕೆಯ ಸಂಪರ್ಕಕ್ಕೆ ಮಾತ್ರ, ಕೋಣೆಯಲ್ಲಿ ವಾಣಿಜ್ಯ ದರದ ಬಿಲ್ಲು ಬರುತ್ತದೆ. ವ್ಯಾಪಾರ ಪರವಾನಗಿಯನ್ನು ನಗರಾಡಳಿತದಿಂದ ಪಡೆಯಬೇಕು. 2024ರ ತಿದ್ದುಪಡಿಯಂತೆ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು. ಹೊಲಿಗೆಯಂಥ ಸೇವೆಗೆ ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿಯ ಚಿಂತೆ ಬೇಡ.

ಸಾಲದ ಬಗ್ಗೆ: ಅಡ್ವಾನ್ಸಿಗಾಗಿ ಸಾಲ ಮಾಡುವುದು ನನಗೆ ಇಷ್ಟವಿಲ್ಲ, ಏಕೆಂದರೆ ಆ ಹಣ ಮಾಲೀಕರ ಬಳಿ ಸುಮ್ಮನೆ ಕೂತಿರುತ್ತದೆ. 40,000ವನ್ನು ಉಳಿತಾಯದಿಂದ ಕೊಡಲಾದರೆ ಕೊಡಿ. ಓವರ್‌ಲಾಕ್ ಮಷೀನಿಗೋ ಎರಡನೆಯ ಪವರ್ ಮಷೀನಿಗೋ ಸಾಲ ಬೇಕಾದರೆ 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಒಂದು. ತರಬೇತಿ, ಉಪಕರಣಕ್ಕೆ 15,000 ರೂಪಾಯಿವರೆಗಿನ ನೆರವು, ಜಾಮೀನಿಲ್ಲದೆ ಶೇ 5ರ ಬಡ್ಡಿಯಲ್ಲಿ ಮೊದಲ ಕಂತಿಗೆ ಒಂದು ಲಕ್ಷದವರೆಗೆ ಸಾಲ ಅದರಲ್ಲಿದೆ. ಕುಟುಂಬಕ್ಕೆ ಒಬ್ಬರಿಗೆ ಮಾತ್ರ. ಮುದ್ರಾ ಸಾಲ ಪಡೆದು ಇನ್ನೂ ತೀರಿಸದಿದ್ದರೆ ಇದಕ್ಕೆ ಅಡ್ಡಿಯಾಗುತ್ತದೆ, ಆದ್ದರಿಂದ ಬ್ಯಾಂಕಿಗೆ ಹೋಗುವ ಮೊದಲೇ ಯಾವುದು ಮೊದಲು ಎಂದು ತೀರ್ಮಾನಿಸಿ.

ಬಜಾರಿನ ಬಾಗಿಲು ಶಾಶ್ವತವಾಗಿ ಮುಚ್ಚಿತೆಂದು ಭಾವಿಸಬೇಡಿ. ನುರಿತ ಇಬ್ಬರು ಕೆಲಸಗಾರ್ತಿಯರು ನಿಮ್ಮ ಕೈಕೆಳಗೆ ಸಿದ್ಧರಾಗಿ, ಆಲೂರು, ಅರಕಲಗೂಡಿನ ಕಡೆಯಿಂದ ಆರಿ ವರ್ಕಿಗೆಂದೇ ಬಸ್ಸಿಳಿದು ಬರುವ ಮದುಮಕ್ಕಳು ಹೆಚ್ಚಾದ ದಿನ ನಿಲ್ದಾಣದ ಹತ್ತಿರದ ಮಳಿಗೆಗೆ ಅರ್ಥ ಬರುತ್ತದೆ. ಈಗ, ಕರಾರಿಗೆ ಸಹಿ ಹಾಕುವ ಮುನ್ನ ಒಂದು ದಿನ ಸಂಜೆ ಏಳು ಗಂಟೆಗೆ ಆ ಕೋಣೆಯ ಮೆಟ್ಟಿಲನ್ನು ನೀವೇ ಹತ್ತಿ ಇಳಿದು ನೋಡಿ: ಬೆಳಕು ಸಾಕಷ್ಟಿದೆಯೇ, ಹಿಡಿದುಕೊಳ್ಳಲು ಕಂಬಿ ಇದೆಯೇ, ಕೆಳಗಿನ ಅಂಗಡಿ ಯಾವುದು, ಅಲ್ಲಿ ಆ ಹೊತ್ತಿಗೆ ನಿಂತಿರುವವರು ಯಾರು. ನಿಮ್ಮಲ್ಲಿಗೆ ಬರುವವರೆಲ್ಲ ಹೆಂಗಸರು, ಕೆಲವರು ವಯಸ್ಸಾದವರು. ಅವರು ಹತ್ತಲು ಹಿಂಜರಿಯುವ ಮೆಟ್ಟಿಲಾದರೆ 5,500 ಕೂಡ ದುಬಾರಿಯೇ.