ಬಾಗಬೇಕು, ಬಳುಕಬಾರದು: ಕೀಹೋಲ್ ಹೊಲಿಗೆಯ ಉಪಕರಣಗಳು

ಕೊಡಗಿನ ಓದುಗರು ಈ ಸಲ ಕಳಿಸಿದ ಪ್ರಶ್ನೆಗಳಲ್ಲಿ ನಾಲ್ಕು ಒಂದೇ ವಿಷಯದ ಸುತ್ತ, ಕೀಹೋಲ್ ಆಪರೇಷನ್ನಿನ ಬಾಗುವ ಉಪಕರಣಗಳ ಸುತ್ತ, ಇದ್ದವು. ಒಟ್ಟಿಗೇ ಉತ್ತರಿಸಿದ್ದೇವೆ.

ಪ್ರಶ್ನೆ: ಅಣ್ಣನಿಗೆ ಕೀಹೋಲ್ ಆಪರೇಷನ್‌ನಲ್ಲಿ ಪಿತ್ತಕೋಶ ತೆಗೆದರು. ಬೆರಳೂ ತೂರದ ರಂಧ್ರದೊಳಗೆ ಹೊಲಿಗೆ ಹಾಕುವುದು ಹೇಗೆ? ಅದಕ್ಕೆ ಬಾಗುವ ಉಪಕರಣವೇ ಬೇಕೇ?
– ಕಾಫಿ ಬೆಳೆಗಾರರು, ಸೋಮವಾರಪೇಟೆ

ಉತ್ತರ: ನಿಮ್ಮ ಅಣ್ಣನಿಗೆ ಒಳಗೆ ಹೊಲಿಗೆಯೇ ಬಿದ್ದಿರಲಿಕ್ಕಿಲ್ಲ. ಪಿತ್ತಕೋಶದ ನಾಳಕ್ಕೆ ಸಾಮಾನ್ಯವಾಗಿ ಕ್ಲಿಪ್ ಹಾಕಿ ಕತ್ತರಿಸುತ್ತಾರೆ. ಹೊಲಿಗೆ ಬೇಕಾಗುವುದು ಕರುಳು ಜೋಡಿಸುವಂಥ ಕೆಲಸಗಳಲ್ಲಿ. ಹೊಟ್ಟೆಯೊಳಗೆ 12ರಿಂದ 15 ಮಿ.ಮೀ. ಪಾದರಸದ ಒತ್ತಡದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿ ಜಾಗ ಮಾಡಿಕೊಂಡು, 5 ಮತ್ತು 10 ಮಿ.ಮೀ. ಪೋರ್ಟ್‌ಗಳ (ಹೊಟ್ಟೆಯ ಗೋಡೆಯಲ್ಲಿ ಕೂರಿಸಿದ ಪುಟ್ಟ ಕೊಳವೆಗಳ) ಮೂಲಕ ಉದ್ದನೆಯ ಉಪಕರಣಗಳನ್ನು ಇಳಿಸುತ್ತಾರೆ. ದಾರವನ್ನು 15 ಸೆಂ.ಮೀ. ಆಸುಪಾಸಿಗೆ ಕತ್ತರಿಸಿ, ಸೂಜಿಯಿಂದ 2–3 ಸೆಂ.ಮೀ. ಹಿಂದೆ ದಾರವನ್ನೇ ಹಿಡಿದು ಒಳಗೆ ಒಯ್ಯುತ್ತಾರೆ. ದಾರ ಇದಕ್ಕಿಂತ ಬಹಳ ಉದ್ದವಾದರೆ ಗಂಟು ಹಾಕುವಾಗ ಸಿಕ್ಕಾಗುತ್ತದೆ.

ನೇರ ಉಪಕರಣಕ್ಕೆ ಹೊಟ್ಟೆಯ ಗೋಡೆಯೇ ಆಧಾರಬಿಂದು: ಕೈ ಬಲಕ್ಕೆ ಹೋದರೆ ತುದಿ ಎಡಕ್ಕೆ. ಮೇಲೆ-ಕೆಳಗೆ, ಎಡ-ಬಲ, ಒಳಗೆ-ಹೊರಗೆ, ತನ್ನ ಸುತ್ತ ತಿರುಗುವುದು, ಇಷ್ಟೇ ಅದರ ಚಲನೆ. ಮಣಿಕಟ್ಟು ಇಲ್ಲ. ಬಾಗಿದ ಸೂಜಿಯಾದರೋ ತನ್ನ ವೃತ್ತದ ದಾರಿಯಲ್ಲೇ ಸಾಗಬೇಕು. ಹೊಲಿಯುವ ಗಾಯ ಉಪಕರಣದ ಉದ್ದಕ್ಕೇ ಇದ್ದರೆ ಹಿಡಿಯನ್ನು ತಿರುಗಿಸಿದರೆ ಸಾಕು. ಅಡ್ಡಕ್ಕಿದ್ದರೆ ಸೂಜಿಯನ್ನು ತಳ್ಳಬೇಕಾಗುತ್ತದೆ, ತೂತು ಸೀಳಾಗುತ್ತದೆ. ಪಳಗಿದ ಸರ್ಜನ್ನರು ಪೋರ್ಟಿನ ಜಾಗವನ್ನೇ ಯೋಚಿಸಿ ಆರಿಸಿ ಇದನ್ನು ನಿಭಾಯಿಸುತ್ತಾರೆ. ಹಾಗಾಗಿ ಬಾಗುವ ಉಪಕರಣ ಎಲ್ಲ ಕಡೆ ಅನಿವಾರ್ಯವಲ್ಲ. ಕಿಬ್ಬೊಟ್ಟೆಯ ಆಳದಂಥ ಇಕ್ಕಟ್ಟಿನಲ್ಲಿ ಅದರ ಬೆಲೆ ತಿಳಿಯುತ್ತದೆ. 2000ರಲ್ಲಿ ಅಮೆರಿಕದ ಔಷಧ-ಉಪಕರಣ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಒಪ್ಪಿಗೆ ಪಡೆದ ‘ಡಾ ವಿಂಚಿ’ ಎಂಬ ಸರ್ಜರಿ ರೋಬೋಟ್‌ನ ಹೆಚ್ಚುಗಾರಿಕೆಯ ದೊಡ್ಡ ಪಾಲು ಇರುವುದೂ ಉಪಕರಣದ ತುದಿಯ ಮಣಿಕಟ್ಟಿನಲ್ಲೇ.

ಪ್ರಶ್ನೆ: ಕೊನೆಯ ವರ್ಷದ ಪ್ರಾಜೆಕ್ಟ್‌ಗೆ 5 ಮಿ.ಮೀ. ವ್ಯಾಸದ, ತುದಿ 90 ಡಿಗ್ರಿ ಬಾಗುವ ನೀಡಲ್ ಹೋಲ್ಡರ್ (ಸೂಜಿ ಹಿಡಿಯುವ ಉಪಕರಣ) ಮಾಡುತ್ತಿದ್ದೇವೆ. ಎಂಟು ಮಣಿಗಳನ್ನು ಎರಡು ಕೇಬಲ್‌ಗಳಲ್ಲಿ ಪೋಣಿಸಿದ್ದೇವೆ. ಬರಿದಾಗಿ ಚೆನ್ನಾಗಿ ಬಾಗುತ್ತದೆ. ಸೂಜಿ ಚುಚ್ಚಿದರೆ ಹಾವಿನಂತೆ ಸೊಟ್ಟಗಾಗುತ್ತದೆ. ಸೂಜಿ ಕಚ್ಚುವ ದವಡೆಯನ್ನು ಬಿಗಿ ಹಿಡಿದರೆ ತುದಿ ತಾನಾಗಿ ಇನ್ನಷ್ಟು ಬಾಗುತ್ತದೆ. ಎಲ್ಲಿ ತಪ್ಪಿದೆ?
– ಇಂಜಿನಿಯರಿಂಗ್ ವಿದ್ಯಾರ್ಥಿಗಳು, ಪೊನ್ನಂಪೇಟೆ

ಉತ್ತರ: ಮೂರು ಕಡೆ. ಒಂದೊಂದಾಗಿ ನೋಡೋಣ.

ಸೊಟ್ಟಗಾಗುವುದಕ್ಕೆ ಕಾರಣ ಮಣಿಗಳ ಸಂಖ್ಯೆ. ಒಂದು ಜೊತೆ ಕೇಬಲ್ ಕಾಯುವುದು ಒಟ್ಟು ಕೋನವನ್ನು ಮಾತ್ರ. ಪಕ್ಕದಿಂದ ಬಲ ಬಿದ್ದಾಗ ಕೆಲವು ಕೀಲು ಹೆಚ್ಚು ಬಾಗಿ, ಕೆಲವು ಹಿಂದಕ್ಕೆ ಮಡಚಿಕೊಂಡರೂ ಕೇಬಲ್‌ನ ಉದ್ದ ಬದಲಾಗುವುದಿಲ್ಲ, ತಡೆಯುವವರೇ ಇಲ್ಲ. ಕೀಲುಗಳನ್ನು ಎರಡು-ಮೂರಕ್ಕೆ ಇಳಿಸಿ, ಗುಂಡುಮಣಿಯ ಬದಲು ಪಿನ್ನಿನ ಕೀಲು ಹಾಕಿ. ಹೊಲಿಗೆಗೆ ಹಾವಿನ ನಯ ಬೇಡ, ಗಟ್ಟಿ ಮಣಿಕಟ್ಟು ಬೇಕು.

ಎರಡನೆಯದು ಕೇಬಲ್ ಹಿಗ್ಗುವುದು. ಕೇಬಲ್ ನಡುಗೆರೆಯಿಂದ 2 ಮಿ.ಮೀ. ದೂರದಲ್ಲಿದೆ ಎಂದುಕೊಳ್ಳಿ. 90 ಡಿಗ್ರಿ ಬಾಗಲು ಅದು ಸರಿಯಬೇಕಾದ್ದು ಸುಮಾರು 3.1 ಮಿ.ಮೀ. ಮಾತ್ರ. 40 ನ್ಯೂಟನ್ ಎಳೆದರೆ 80 ನ್ಯೂಟನ್-ಮಿ.ಮೀ. ತಿರುಗುಬಲ; ಕೀಲಿನಿಂದ 20 ಮಿ.ಮೀ. ಆಚೆ ಸೂಜಿಯ ಹತ್ತಿರ ಉಳಿಯುವುದು 4 ನ್ಯೂಟನ್. ಆ 40 ನ್ಯೂಟನ್ ಎಳೆತಕ್ಕೆ 0.45 ಮಿ.ಮೀ. ಉಕ್ಕಿನ ಹೆಣೆದ ಕೇಬಲ್ 350 ಮಿ.ಮೀ. ಉದ್ದದಲ್ಲಿ ಅಂದಾಜು 1.4 ಮಿ.ಮೀ. ಹಿಗ್ಗುತ್ತದೆ. ಅಂದರೆ ತುದಿ 40 ಡಿಗ್ರಿ ಸಡಿಲ! ಪರಿಹಾರ ಸುಲಭ: ನೇರ ಕೊಳವೆಯೊಳಗಿನ 300 ಮಿ.ಮೀ.ಗೆ ಕೇಬಲ್ ಬದಲು 1 ಮಿ.ಮೀ. ಉಕ್ಕಿನ ಸರಳು ಹಾಕಿ, ಬಾಗುವ ಕಡೆಯ 50 ಮಿ.ಮೀ.ಗೆ ಮಾತ್ರ ಕೇಬಲ್ ಇಡಿ. ಸಡಿಲ 8 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಎರಡೂ ಕಡೆಯ ಕೇಬಲ್‌ಗಳನ್ನು ಮೊದಲೇ ಬಿಗಿದು ಕೂರಿಸಿದರೆ ಇನ್ನೂ ಕಡಿಮೆ.

ಮೂರನೆಯದು ದವಡೆಯ ಕೇಬಲ್. ಬಿಗಿಯಾದ ತಂತಿ ಹತ್ತಿರದ ದಾರಿ ಹುಡುಕಿ ಬಾಗಿನ ಒಳಮಗ್ಗುಲಿಗೆ ಅಂಟಿಕೊಳ್ಳುತ್ತದೆ. ಆಗ ಅದೂ ಬಾಗಿಸುವ ಕೇಬಲ್ಲೇ ಆಗುತ್ತದೆ. ಅದನ್ನು ಕೀಲಿನ ನಟ್ಟನಡುವೆ ಹಾಯಿಸಿ, ಸೈಕಲ್ ಬ್ರೇಕಿನ ಹೊರಕವಚದಂತೆ ಒತ್ತಿಗೆ ಕುಗ್ಗದ ಸುರುಳಿಯೊಳಗೆ ಇಡಿ. ಘರ್ಷಣೆಯನ್ನೂ ಲೆಕ್ಕ ಹಾಕಿ. 90 ಡಿಗ್ರಿ ಸುತ್ತಿಗೆ ಘರ್ಷಣಾಂಕ 0.2 ಇದ್ದರೆ 37 ಶೇಕಡಾ ಹೆಚ್ಚು ಎಳೆಯಬೇಕು. ಟೆಫ್ಲಾನ್ ಒಳಪದರದಿಂದ ಘರ್ಷಣಾಂಕ 0.1ಕ್ಕೆ ಇಳಿದರೆ 17 ಶೇಕಡಾ. ಬಾಗಿನ ತ್ರಿಜ್ಯ ಹಿಗ್ಗಿಸಿದರೆ ಇದು ತಗ್ಗುವುದಿಲ್ಲ, ಲೆಕ್ಕಕ್ಕೆ ಬರುವುದು ಒಟ್ಟು ಕೋನ ಮಾತ್ರ. ಆದರೆ ತ್ರಿಜ್ಯ ದೊಡ್ಡದಿದ್ದಷ್ಟೂ ಕೇಬಲ್ ಹೆಚ್ಚು ದಿನ ಬಾಳುತ್ತದೆ.

ನೀವು ಕೇಳದ ಇನ್ನೊಂದು ತೊಡಕಿದೆ. ಬಾಗಿದ ಮೇಲೆ ಹಿಡಿಯನ್ನು ತಿರುಗಿಸಿದರೆ ಇಡೀ ತುದಿ ಬೀಸಾಡುತ್ತದೆ, ಸೂಜಿ ಸುತ್ತುವುದಿಲ್ಲ. ತಿರುಗುವ ಕೀಲು ಬಾಗುವ ಕೀಲಿನ ಆಚೆಗೆ, ದವಡೆಯ ಬುಡದಲ್ಲೇ ಇರಬೇಕು. ತಿರುಗುಬಲ ಅಲ್ಲಿಗೆ ಮುಟ್ಟಲು ಒಂದರ ಮೇಲೊಂದು ವಿರುದ್ಧ ದಿಕ್ಕಿಗೆ ಸುತ್ತಿದ ಸುರುಳಿ ಬಳಸಿ. ಒಂದೇ ಪದರದ ಸುರುಳಿ ಒಂದು ದಿಕ್ಕಿಗೆ ತಿರುಗಿಸಿದಾಗ ಬಿಚ್ಚಿಕೊಳ್ಳುತ್ತದೆ. ದವಡೆಯ ಹಿಡಿತವೂ ಸಾಲದೆ ಬರಬಹುದು. 26 ಮಿ.ಮೀ. ಉದ್ದದ ಅರ್ಧವೃತ್ತದ ಸೂಜಿಯನ್ನು ದಾರದ ಕಡೆಯಿಂದ ಮೂರನೇ ಒಂದರಲ್ಲಿ ಹಿಡಿದರೆ, ಮೊನೆಯಲ್ಲಿನ 1 ನ್ಯೂಟನ್ ದವಡೆಯಲ್ಲಿ 14 ನ್ಯೂಟನ್-ಮಿ.ಮೀ.ವರೆಗೆ ತಿರುಚುತ್ತದೆ. ನಯವಾದ ಉಕ್ಕು ಸೂಜಿಯನ್ನು ಜಾರಿಸುತ್ತದೆ. ಗೀರು ಹಾಕಿದ, ಬಲು ಗಡುಸಾದ ಟಂಗ್‌ಸ್ಟನ್ ಕಾರ್ಬೈಡ್ ತುಂಡು ಕೂರಿಸಿ.

ಮೊದಲು ಮೂರು ಪಟ್ಟು ದೊಡ್ಡ ಮಾದರಿ ಮಾಡಿ. ಸೈಕಲ್ ಅಂಗಡಿಯ 1.5 ಮಿ.ಮೀ. ಬ್ರೇಕ್ ಒಳತಂತಿ ಅದಕ್ಕೆ ಸರಿಹೊಂದುತ್ತದೆ. ಅಳತೆ ಮೂರು ಪಟ್ಟಾದರೆ ಬಲ ಒಂಬತ್ತು ಪಟ್ಟು ಎಂಬುದು ನೆನಪಿರಲಿ: 4 ನ್ಯೂಟನ್ನಿಗೆ ಬದಲು ಸುಮಾರು 3.6 ಕೆ.ಜಿ. ತೂಕ ನೇತುಹಾಕಿ ತುದಿ ಎಷ್ಟು ಜಗ್ಗುತ್ತದೆ ಅಳೆಯಿರಿ. ಪ್ರಿಂಟ್ ಮಾಡಿದ ಪ್ಲಾಸ್ಟಿಕ್ ಕೀಲು ಇದನ್ನು ತಾಳುವುದು ಅನುಮಾನ, ಅಲ್ಯೂಮಿನಿಯಂನಲ್ಲಿ ಮಾಡಿಸಿ. ನಿಜ ಅಳತೆಯ ಉಪಕರಣದ ಪರೀಕ್ಷೆಗೆ ಹಂದಿ ಮಾಂಸದ ಅಂಗಡಿಯಲ್ಲಿ ಸಿಗುವ ತಾಜಾ ಜಠರ ಒಳ್ಳೆಯದು.

ಪ್ರಶ್ನೆ: ನಿಟಿನಾಲ್ (ನಿಕ್ಕಲ್-ಟೈಟಾನಿಯಂ ಮಿಶ್ರಲೋಹ) ತಂತಿ ಎಷ್ಟು ಬಗ್ಗಿಸಿದರೂ ಮರಳುತ್ತದೆ ಎನ್ನುತ್ತಾರೆ. ಆದರೆ ಬೆಳಗಿನ ಚಳಿಯಲ್ಲಿ ನಮ್ಮ ತಂತಿ ಬಗ್ಗಿದ ಹಾಗೇ ಉಳಿಯಿತು. ಮಾಲು ಕಳಪೆಯೇ?
– ಓದುಗರು, ಕುಶಾಲನಗರ

ಉತ್ತರ: ಇರಲಿಕ್ಕಿಲ್ಲ. ಬಿಸಿನೀರಿಗೆ ಹಾಕಿ ನೋಡಿ. ನೆಟ್ಟಗಾದರೆ ತಂತಿ ಚೆನ್ನಾಗಿದೆ, ಅದರ ಪರಿವರ್ತನಾ ಉಷ್ಣತೆ (ಯಾವುದಕ್ಕಿಂತ ಬಿಸಿಯಾದರೆ ತಂತಿ ಮೂಲ ಆಕಾರಕ್ಕೆ ಮರಳುವುದೋ ಅದು) ನಿಮ್ಮ ಕೋಣೆಗಿಂತ ಹೆಚ್ಚು ಅಷ್ಟೆ. ಕೊಳ್ಳುವಾಗ ಆ ಅಂಕಿಯನ್ನು ಕೇಳಿ. ಇನ್ನು ಎಷ್ಟು ಬಗ್ಗಿಸಿದರೂ ಎಂಬುದು ಉತ್ಪ್ರೇಕ್ಷೆ. ಒಮ್ಮೆಗೆ 8 ಶೇಕಡಾ ಹಿಗ್ಗನ್ನು ತಾಳಬಹುದು, ಸಾವಿರಾರು ಸಲ ಬಗ್ಗಬೇಕಾದರೆ 1 ಶೇಕಡಾ ಆಸುಪಾಸಿನಲ್ಲಿ ನಿಲ್ಲಿಸಿ. ತಂತಿಯ ವ್ಯಾಸವನ್ನು ಬಾಗಿನ ತ್ರಿಜ್ಯದ ಎರಡರಷ್ಟರಿಂದ ಭಾಗಿಸಿದರೆ ಲೆಕ್ಕ ಸಿಗುತ್ತದೆ: 0.5 ಮಿ.ಮೀ. ತಂತಿ 25 ಮಿ.ಮೀ. ತ್ರಿಜ್ಯದಲ್ಲಿ 1 ಶೇಕಡಾ, 10 ಮಿ.ಮೀ.ನಲ್ಲಿ 2.5. ಬೆಸುಗೆಗೆ ಅದು ಸುಲಭದಲ್ಲಿ ಒಗ್ಗದು, ಪುಟ್ಟ ಲೋಹದ ಕೊಳವೆ ತೊಡಿಸಿ ಅದುಮಿ ಕೂಡಿಸಿ.

ಪ್ರಶ್ನೆ: ಬಾಗುವ ಉಪಕರಣಗಳ ಕೀಲಿನಲ್ಲಿ ಮಳೆಗಾಲದಲ್ಲಿ ತುಕ್ಕಿನ ಚುಕ್ಕೆ ಕಾಣುತ್ತಿದೆ. ಆಟೊಕ್ಲೇವ್ (ಒತ್ತಡದ ಹಬೆಯಿಂದ ಕ್ರಿಮಿಶುದ್ಧಿ) ಮಾಡಿದರೂ ಧೈರ್ಯವಿಲ್ಲ.
– ಶುಶ್ರೂಷಕಿ, ಮಡಿಕೇರಿ

ಉತ್ತರ: ರಕ್ತ ಒಣಗಲು ಬಿಡಬೇಡಿ. ಎಂಜೈಮ್ ದ್ರಾವಣದಲ್ಲಿ ಮುಳುಗಿಸಿಟ್ಟು, ತುದಿಯನ್ನು ಎಲ್ಲ ದಿಕ್ಕಿಗೂ ಬಾಗಿಸುತ್ತ, ದವಡೆ ತೆರೆದು ಮುಚ್ಚುತ್ತ ಸಿರಿಂಜಿನಿಂದ ಕೊಳವೆಯೊಳಗೆ ದ್ರಾವಣ ಹಾಯಿಸಿ. ನೇರವಾಗಿಟ್ಟು ತೊಳೆದರೆ ಕೇಬಲ್‌ನ ಒಂದು ಮಗ್ಗುಲು ಹಾಗೇ ಉಳಿಯುತ್ತದೆ. ಬ್ಲೀಚಿನ ಕ್ಲೋರಿನ್ ಸ್ಟೇನ್‌ಲೆಸ್ ಉಕ್ಕನ್ನೂ ಕೊರೆಯುತ್ತದೆ, ಬೇಡ. ಕೊನೆಯ ತೊಳೆತ ಡಿಸ್ಟಿಲ್ಡ್ ನೀರಿನಲ್ಲಿ, ಆಮೇಲೆ ಒತ್ತಿದ ಗಾಳಿ ಹಾಯಿಸಿ ಒಣಗಿಸಿ. ನಮ್ಮ ಜುಲೈ ತಿಂಗಳಲ್ಲಿ ತಾನಾಗಿ ಒಣಗುತ್ತದೆಂದು ಕಾದರೆ ತುಕ್ಕು ಖಂಡಿತ.

ಪ್ರೆಶರ್ ಗೇಜ್ ನೋಡಿ ನಡೆಸುವ ಹಳೆಯ, ನೆಟ್ಟಗೆ ನಿಲ್ಲುವ ಆಟೊಕ್ಲೇವ್ ನಿಮ್ಮಲ್ಲಿದ್ದರೆ ಇದನ್ನು ಗಮನಿಸಿ. ಸಮುದ್ರಮಟ್ಟದಲ್ಲಿ ಗೇಜ್ 15 ಪಿಎಸ್ಐ (ಒತ್ತಡದ ಅಳತೆ) ತೋರಿಸಿದಾಗ 121 ಡಿಗ್ರಿ ಸೆಲ್ಸಿಯಸ್ ಸಿಗುತ್ತದೆ. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ಹೊರಗಿನ ಗಾಳಿಯ ಒತ್ತಡವೇ ಕಡಿಮೆ. ಅಷ್ಟೇ ಉಷ್ಣತೆಗೆ ಗೇಜ್ 17ರ ಹತ್ತಿರ ತೋರಿಸಬೇಕು. ಯಂತ್ರದ ಸುರಕ್ಷಾ ಮಿತಿ ಅದಕ್ಕೆ ಅವಕಾಶ ಕೊಡುತ್ತದೆಯೇ ನೋಡಿಕೊಳ್ಳಿ. ಉಷ್ಣತೆ ನೋಡಿ ತಾನೇ ನಡೆಯುವ ಯಂತ್ರಕ್ಕೆ ಈ ತಲೆಬಿಸಿ ಇಲ್ಲ. ತುದಿಯ ಕೇಬಲ್‌ನಲ್ಲಿ ಒಂದು ಎಳೆ ಕಿತ್ತು ಮುಳ್ಳಿನಂತೆ ನಿಂತಿದ್ದರೂ, ತಯಾರಕರು ಹೇಳಿದ ಬಳಕೆಯ ಸಂಖ್ಯೆ ಮುಗಿದಿರಲಿ ಬಿಡಲಿ, ಆ ಉಪಕರಣವನ್ನು ಟ್ರೇಯಿಂದ ತೆಗೆದುಬಿಡಿ.