ಓದುಗರ ಪ್ರಶ್ನೆ: ಬೋಟಿಗೆ ಟಯರ್ ಬದಲು ಹಗ್ಗದ ಫೆಂಡರ್ ಕಟ್ಟೋದು ಹೇಗೆ?

ಹೋದ ಸಂಚಿಕೆಯಲ್ಲಿ ದೋಣಿಯ ಬದಿಗೆ ಹಗ್ಗದಲ್ಲೇ ಕೈಯಾರೆ ಫೆಂಡರ್ (ದಕ್ಕೆಗೋ ಪಕ್ಕದ ದೋಣಿಗೋ ತಾಗುವಾಗ ಪೆಟ್ಟು ತಡೀಲಿಕ್ಕೆ ನೇತು ಹಾಕುವ ಮೆತ್ತೆ) ಕಟ್ಟಿಕೊಳ್ಬಹುದು ಅಂತ ಎರಡು ಸಾಲು ಬರೆದಿದ್ದೆ, ಅದಕ್ಕೆ ಮಲ್ಪೆಯಿಂದ ಹಿಡಿದು ಮಂಗಳೂರು ದಕ್ಕೆ ತನಕ ಪ್ರಶ್ನೆ ಬಂದಿದೆ. ಈ ಸಲ ಪೂರ್ತಿ ಅದೇ ವಿಷಯ.

ಪ್ರಶ್ನೆ: ನಮ್ಮದು 28 ಅಡಿಯ ಫೈಬರ್ ದೋಣಿ. ಬದಿಗೆ ಸ್ಕೂಟರ್ ಟಯರ್ ಕಟ್ಟಿದ್ದೇವೆ, ಎಲ್ಲರೂ ಅದನ್ನೇ ಕಟ್ಟೋದು, ಪುಕ್ಕಟೆ ಸಿಗ್ತದೆ. ಹಗ್ಗದ್ದು ಕಟ್ಟಿ ಎಂತ ಲಾಭ? (ಮಲ್ಪೆ)

ಉತ್ತರ: ಅಣ್ಣ, ದೊಡ್ಡ ಟ್ರಾಲ್ ಬೋಟು, ಪರ್ಸೀನ್ ಬೋಟು ಆದ್ರೆ ಟಯರೇ ಸಾಕು, ಅಷ್ಟು ಭಾರ ತಡೀಲಿಕ್ಕೆ ಅದು ಒಳ್ಳೆಯದೇ. ಫೈಬರ್ ದೋಣಿಗೆ ಮಾತ್ರ ಬೇರೆ ಲೆಕ್ಕ. ಟಯರಿನ ಕಪ್ಪು ಬಿಳಿ ಬಣ್ಣಕ್ಕೆ ಹತ್ತಿದ್ರೆ ಉಜ್ಜಿದ್ರೂ ಹೋಗೋದಿಲ್ಲ, ಟಯರ್ ಸವೆದು ಒಳಗಿನ ತಂತಿ ಹೊರಗೆ ಬಂತು ಅಂದ್ರೆ ಮೇಲಿನ ನಯ ಪದರವನ್ನೇ ಗೀರಿ ಹಾಕ್ತದೆ, ಆ ಗೀರಲ್ಲಿ ನೀರು ಇಳಿದ್ರೆ ಒಳಗಿನ ಮ್ಯಾಟ್ (ಫೈಬರ್ ಎಳೆಗಳ ಪದರ) ಹಾಳಾಗ್ಲಿಕ್ಕೆ ಶುರು. ಇನ್ನೊಂದು ವಿಷಯ ಯಾರೂ ಯೋಚನೆ ಮಾಡೋದಿಲ್ಲ. ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆ ಬಂದ್ ಇರುವಾಗ ದೋಣಿಗಳೆಲ್ಲ ಒಂದಕ್ಕೊಂದು ಒತ್ತಿಕೊಂಡು ನಿಂತಿರ್ತವೆ, ಅದೇ ಸಮಯಕ್ಕೆ ಮಳೆ, ನೇತಾಡುವ ಪ್ರತಿ ಟಯರ್ ಒಳಗೂ ನೀರು ನಿಲ್ತದೆ, ಡೆಂಗ್ಯೂ ಸೊಳ್ಳೆಗೆ ಅದಕ್ಕಿಂತ ಒಳ್ಳೆ ಜಾಗ ಬೇಕಾ? ಟಯರನ್ನೇ ಮುಂದುವರಿಸೋದಾದ್ರೆ ದಯವಿಟ್ಟು ಕೆಳಭಾಗಕ್ಕೆ ಎರಡು ತೂತು ಹೊಡೀರಿ, ಇದು ಇವತ್ತೇ ಮಾಡುವ ಕೆಲಸ.

ಹಗ್ಗದ ಫೆಂಡರಿನಲ್ಲಿ ನೀರು ನಿಲ್ಲೋದಿಲ್ಲ, ಕಪ್ಪು ಹತ್ತೋದಿಲ್ಲ, ಹರಿದ್ರೆ ಹರಿದ ಜಾಗ ಮಾತ್ರ ಬಿಚ್ಚಿ ಮತ್ತೆ ಕಟ್ಬಹುದು. ಹಾಗಂತ ಎಂಥಾ ಪೆಟ್ಟನ್ನೂ ತಡೀತದೆ ಅಂತ ತಿಳ್ಕೊಳ್ಬೇಡಿ. ದೋಣಿ ಬರುವ ವೇಗ ಎರಡು ಪಟ್ಟಾದ್ರೆ ಪೆಟ್ಟಿನ ಶಕ್ತಿ ನಾಲ್ಕು ಪಟ್ಟಾಗ್ತದೆ, ದಕ್ಕೆಗೆ ಬರುವಾಗ ಇಂಜಿನ್ ಸ್ಲೋ ಮಾಡೋದು ಯಾವ ಫೆಂಡರ್ ಇದ್ರೂ ತಪ್ಪೋದಿಲ್ಲ.

ಪ್ರಶ್ನೆ: ಯಾವ ಹಗ್ಗ ಒಳ್ಳೆಯದು? ತೆಂಗಿನ ನಾರಿನದ್ದಾ, ಪ್ಲಾಸ್ಟಿಕ್ಕಾ? ಬೋಟಿನಲ್ಲಿ ಹಾಳಾದ ಹಳೆ ಹಗ್ಗ ರಾಶಿ ಉಂಟು, ಅದು ಆಗ್ತದಾ? (ಸಸಿಹಿತ್ಲು)

ಉತ್ತರ: ಹಳೆ ಹಗ್ಗ ಆಗ್ತದಾ ಅಂತ ಕೇಳಿದ್ರಲ್ಲ, ಒಳಗಿನ ತಿರುಳಿಗೆ ಹಳೆ ಹಗ್ಗವೇ ಬೇಕು! ಇದು ಮೊದಲಿಂದ್ಲೂ ಹಳೆ ಹಗ್ಗದ ಕೆಲಸವೇ. ಹಾಯಿ ಹಡಗಿನ ಕಾಲದಲ್ಲಿ ಸವೆದು ಬೇರೆ ಯಾವುದಕ್ಕೂ ಬಾರದ ಹಗ್ಗವನ್ನು ನಾವಿಕರು ಹೀಗೇ ಕಟ್ಟಿ ಬದಿಗೆ ನೇತು ಹಾಕ್ತಿದ್ದರು, ಇಂಗ್ಲೆಂಡಿನ ಕಾಲುವೆ ದೋಣಿಗಳ ಮೂತಿಗೆ ಈಗ್ಲೂ ಹಗ್ಗದ್ದೇ ಗುಂಡು ಫೆಂಡರ್ ಇರ್ತದೆ. ನಮ್ಮಲ್ಲಿ ಆ ಹಗ್ಗವನ್ನು ದಕ್ಕೆಯಲ್ಲಿ ಬಿಸಾಡ್ತೇವೆ, ಇಲ್ಲ ಸಮುದ್ರಕ್ಕೇ ಹಾಕ್ತೇವೆ, ಆಮೇಲೆ ಅದೇ ಹಗ್ಗ ನಮ್ಮದೇ ಪ್ರೊಪೆಲ್ಲರ್‌ಗೆ ಸುತ್ತಿಕೊಳ್ತದೆ. ನನಗೆ ಇದನ್ನು ನೋಡಿದ್ರೆ ನಿಜವಾಗ್ಲೂ ಹೊಟ್ಟೆ ಉರೀತದೆ. ಎಣ್ಣೆ, ಡೀಸೆಲ್ ಹಿಡಿದದ್ದು ಬಿಟ್ಟು ಬಾಕಿದ್ದನ್ನೆಲ್ಲ ಸಿಹಿನೀರಲ್ಲಿ ತೊಳೆದು ಮರಳು ಕೊಡವಿ ಒಣಗಿಸಿ ಇಟ್ಟುಕೊಳ್ಳಿ. ಮರಳು ಉಳಿದ್ರೆ ಅದೇ ಉಜ್ಜುಕಾಗದದ ಕೆಲಸ ಮಾಡ್ತದೆ.

ಹೊರಗಿನ ಹೊದಿಕೆಗೆ ಎರಡು ದಾರಿ. ನಾರಿನ ಹುರಿಹಗ್ಗ ಉಪ್ಪುನೀರಿಗೆ ಚೆನ್ನಾಗಿ ಬಾಳ್ತದೆ, ತೇಲ್ತದೆ, ಕೈಗೆ ಹಿಡಿತ ಸಿಗ್ತದೆ. ಮಳೆನೀರಲ್ಲಿ ತಿಂಗಳುಗಟ್ಟಲೆ ನೆನೆದ್ರೆ ಮಾತ್ರ ಕೊಳೀತದೆ, ಮತ್ತೆ ಸ್ವಲ್ಪ ಒರಟು, ಪಾಲಿಶ್ ಮಾಡಿದ ಫೈಬರ್‌ಗೆ ತಾಗಿಸುವಾಗ ಮೇಲೆ ಒಂದು ಕ್ಯಾನ್ವಾಸ್ ಬಟ್ಟೆ ಹೊಲಿದ್ರೆ ಒಳ್ಳೆಯದು. ಪಿ.ಪಿ. ಹಗ್ಗ, ಅಂದ್ರೆ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕಿನದ್ದು, ಕೊಳೆಯೋದಿಲ್ಲ, ತೇಲ್ತದೆ, ಆದ್ರೆ ಬಿಸಿಲಿಗೆ ಪುಡಿಪುಡಿ ಆಗ್ತದೆ, ಎರಡು ಬೇಸಿಗೆ ಕಂಡ ಹಗ್ಗವನ್ನು ಉಗುರಲ್ಲಿ ಕೆರೆದು ನೋಡಿ, ಬಿಳಿ ಪುಡಿ ಬಂದ್ರೆ ಅದು ಹೊದಿಕೆಗೆ ಬೇಡ, ತಿರುಳಿಗೆ ಹಾಕಿ. ನೈಲಾನ್ ಗಟ್ಟಿ, ಆದ್ರೆ ಮುಳುಗ್ತದೆ, ಎಳೆದ್ರೆ ಹಿಗ್ಗುತ್ತದೆ, ನಾನಾದ್ರೆ ಅದನ್ನು ಫೆಂಡರ್ ಹೊದಿಕೆಗೆ ಬಳಸೋದಿಲ್ಲ. ಮರದ ದೋಣಿಗೆ ನನ್ನ ಆಯ್ಕೆ ಹುರಿಹಗ್ಗ, ಫೈಬರ್‌ಗೆ ಹೊಸ ಪಿ.ಪಿ.

ಮಂಗಳೂರಿಗೆ ಹುರಿಹಗ್ಗ ಹೊಸತಲ್ಲ ಬಿಡಿ. ಲಕ್ಷದ್ವೀಪದ ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲತ್ ದ್ವೀಪಗಳು 1956ರ ತನಕ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೇ ಸೇರಿದ್ದವು, ಅಲ್ಲಿಯ ನಾರಿನ ಹುರಿ ಇಲ್ಲಿಗೆ ಬರ್ತಿತ್ತು, ಇಲ್ಲಿಂದ ಅಕ್ಕಿ ಹೋಗ್ತಿತ್ತು.

ಪ್ರಶ್ನೆ: ಕಟ್ಟುವ ಕ್ರಮ ಶುರುವಿಂದ ಬರೀರಿ. ನನಗೆ ಬಲೆ ಹೆಣೆಯೋದು ಗೊತ್ತು, ಆದ್ರೆ ಇದನ್ನು ಮಾಡಿ ನೋಡಿಲ್ಲ. (ಬೋಳಾರ, ಮಂಗಳೂರು)

ಉತ್ತರ: ಬಲೆ ಹೆಣೆಯೋದು ಗೊತ್ತಿದ್ರೆ ಅರ್ಧ ಕೆಲಸ ಕೈಯಲ್ಲೇ ಉಂಟು. ಅಳತೆಗೆ ಗಾಳಿ ತುಂಬುವ ಫೆಂಡರಿಗೆ ಹೇಳುವ ಲೆಕ್ಕವನ್ನೇ ಹಿಡೀರಿ, ದೋಣಿಯ ಉದ್ದ 5 ಅಡಿಗೆ ಫೆಂಡರಿನ ದಪ್ಪ 1 ಇಂಚು, ಅಂದ್ರೆ 28-30 ಅಡಿಯ ದೋಣಿಗೆ 6 ಇಂಚು ದಪ್ಪ, ಒಂದೂವರೆ ಅಡಿ ಉದ್ದ. ಸಾಮಾನು ಅಂದ್ರೆ ಗಟ್ಟಿ ಮರದ ಒಂದು ಚೂಪು ಗೂಟ, ಮರದ ಸುತ್ತಿಗೆ, ಹರಿತ ಚೂರಿ, ತೆಳು ನೈಲಾನ್ ದಾರ, ಇಷ್ಟೇ.

16 ಮಿ.ಮೀ. ದಪ್ಪದ ಮೂರು ಎಳೆಯ ಗಟ್ಟಿ ಹಗ್ಗ ಸುಮಾರು 5 ಅಡಿ ತಗೊಳ್ಳಿ, ಇದು ಹಳತು ಆಗಬಾರದು, ಇಡೀ ಭಾರ ಇದರ ಮೇಲೆ. ಮಧ್ಯಕ್ಕೆ ಮಡಚಿ, ಮಡಚಿದ ಕಡೆ ಮೂರು ಬೆರಳು ಹೋಗುವಷ್ಟು ಕಣ್ಣು ಬಿಟ್ಟು ಅದರ ಕೆಳಗೆ ನೈಲಾನ್ ದಾರವನ್ನು ಹತ್ತು ಹನ್ನೆರಡು ಸುತ್ತು ಬಿಗಿಯಾಗಿ ಸುತ್ತಿ, ಆಮೇಲೆ ಎರಡು ಕಾಲುಗಳ (ಕಣ್ಣಿನಿಂದ ಕೆಳಗೆ ಇಳಿದ ಎರಡು ತುದಿಗಳ) ನಡುವಿಂದ ಅಡ್ಡಕ್ಕೆ ಎರಡು ಸುತ್ತು ಎಳೆದು ಕಟ್ಟಿ, ಆ ಅಡ್ಡ ಸುತ್ತೇ ಬಿಗಿ ಕೊಡೋದು. ಈಗ ಕಣ್ಣನ್ನು ಮಾಡಿನ ಪಕಾಸಿಗೆ ಹೊಡೆದ ಕೊಕ್ಕೆಗೆ ಸಿಕ್ಕಿಸಿ ನೇತು ಹಾಕಿ. ನೇತಾಡುವ ಎರಡು ಕಾಲುಗಳ ಸುತ್ತ ಹಳೆ ಹಗ್ಗದ ತುಂಡುಗಳನ್ನು ನಿಲ್ಲಿಸ್ತಾ ಹೋಗಿ. ಮೊದಲ ಪದರ ಉದ್ದದ ತುಂಡು, ಅದರ ಮೇಲಿನ ಪದರ ಎರಡೂ ತುದಿಯಲ್ಲಿ ಎರಡೆರಡು ಇಂಚು ಗಿಡ್ಡ, ಅದರ ಮೇಲಿನದ್ದು ಇನ್ನೂ ಗಿಡ್ಡ, ಆಗ ಹೊಟ್ಟೆ ದಪ್ಪ ಆಗಿ ತುದಿ ಸಪೂರ ಆಗ್ತದೆ.

ಇಲ್ಲಿ ನಿಧಾನ ಮಾಡಿ. ಪ್ರತಿ ಪದರ ಆದ ಮೇಲೆ ದಾರದಲ್ಲಿ ಬಿಗೀಬೇಕು, ಸುಮ್ಮನೆ ಸುತ್ತೋದಲ್ಲ, ಪ್ರತಿ ಸುತ್ತಿಗೂ ದಾರವನ್ನು ಅದರದ್ದೇ ಅಡಿಯಿಂದ ತೂರಿಸಿ ಬಿಗೀಬೇಕು, ಹಾಗೆ ಮಾಡಿದ್ರೆ ಮುಂದೆ ಒಂದು ಕಡೆ ದಾರ ತುಂಡಾದ್ರೂ ಬಾಕಿ ಸುತ್ತುಗಳು ಜಾರೋದಿಲ್ಲ. ಕೈಯಲ್ಲಿ ಎಳೆದ್ರೆ ಸಾಲೋದಿಲ್ಲ, ದಾರವನ್ನು ಗೂಟಕ್ಕೆ ಎರಡು ಸುತ್ತು ಹಾಕಿ ಗೂಟವನ್ನೇ ಸನ್ನೆಗೋಲಿನ ಹಾಗೆ ಮೀಟಿ. ಬಿಗಿದ ಮೇಲೆ ಸುತ್ತಿಗೆಯಲ್ಲಿ ಸುತ್ತಲೂ ಬಡೀರಿ, ಬಡಿದಾಗ ಸಡಿಲ ಆಗ್ತದೆ, ಮತ್ತೆ ಬಿಗೀರಿ. ತಿರುಳು ಸಡಿಲ ಇದ್ರೆ ಮೇಲೆ ಎಷ್ಟು ಚಂದ ಹೆಣೆದ್ರೂ ಎರಡು ತಿಂಗಳಲ್ಲಿ ಫೆಂಡರ್ ನಡುವಲ್ಲಿ ಮಡಚಿ ಹಳೆ ಚೀಲ ಆಗ್ತದೆ, ಜನ ಇದೊಂದು ಬಾಳಿಕೆ ಬರೋದಿಲ್ಲ ಅಂತ ಬಿಟ್ಟುಬಿಡೋದು ಇದೇ ಕಾರಣಕ್ಕೆ. ಮುಗಿದ ತಿರುಳಿನ ಮೇಲೆ ಮೊಣಕಾಲು ಊರಿ ನೋಡಿ. ಚೂರು ತಗ್ಗಿ ಮತ್ತೆ ಮೇಲೆ ಬರಬೇಕು. ತಗ್ಗಿದ್ದು ತಗ್ಗಿದಲ್ಲೇ ಉಳಿದ್ರೆ ಬಿಚ್ಚಿ ಇನ್ನೊಮ್ಮೆ ಬಿಗೀರಿ, ಬೇಜಾರು ಮಾಡ್ಕೊಳ್ಬೇಡಿ.

ಹೊದಿಕೆಗೆ 8 ಅಥವಾ 10 ಮಿ.ಮೀ. ಹಗ್ಗ. ಎಷ್ಟು ಬೇಕು ಅಂತ ತಿಳೀಲಿಕ್ಕೆ ಮೊದಲು ನಾಲ್ಕು ಬೆರಳು ಅಗಲ ಹೆಣೆದು ಎಷ್ಟು ಖರ್ಚಾಯ್ತು ನೋಡಿ ಗುಣಿಸಿ, ನೀವು ಅಂದಾಜು ಮಾಡಿದ್ದಕ್ಕಿಂತ ಯಾವಾಗ್ಲೂ ಜಾಸ್ತಿಯೇ ಬರೋದು. ಒಂದು ಸಲಕ್ಕೆ ಎರಡು ಮೂರು ಮಾರು ಮಾತ್ರ ತಗೊಳ್ಳಿ, ಯಾಕಂದ್ರೆ ಪ್ರತಿ ಕುಣಿಕೆಯ ಒಳಗೂ ಇಡೀ ಹಗ್ಗ ಎಳೀಬೇಕು. ಕಣ್ಣಿನ ಕೆಳಗೆ ಕುತ್ತಿಗೆಗೆ ಒಂದು ಸುತ್ತು ಬಿಗಿಯಾಗಿ ಕಟ್ಟಿ. ಆ ಸುತ್ತಿನ ಹಿಂದಿನಿಂದ ತುದಿಯನ್ನು ಮೇಲಿಂದ ಕೆಳಕ್ಕೆ ತೂರಿಸಿ, ಕೆಳಗೆ ಬಂದ ತುದಿಯನ್ನು ಅದರದ್ದೇ ಹಗ್ಗದ ಮೇಲಿಂದ ದಾಟಿಸಿ ಎಳೀರಿ, ಒಂದು ಕುಣಿಕೆ ಆಯ್ತು. ಹಗ್ಗದ ದಪ್ಪದಷ್ಟು ಜಾಗ ಬಿಟ್ಟು ಇನ್ನೊಂದು. ಸುತ್ತು ಮುಗಿದು ಶುರುವಿನ ಜಾಗಕ್ಕೆ ಬಂದಾಗ ಇನ್ನು ಕುತ್ತಿಗೆಯ ಸುತ್ತಿಗಲ್ಲ, ಮೇಲಿನ ಸಾಲಿನ ಎರಡು ಕುಣಿಕೆಗಳ ನಡುವೆ ಬಾಗಿ ನಿಂತ ಹಗ್ಗಕ್ಕೆ ಹಾಕ್ತಾ ಹೋಗಿ, ಮತ್ತೆ ಹೀಗೇ ಸುತ್ತುಸುತ್ತು ಇಳಿಯೋದು. ಶಂಕರಪುರ ಮಲ್ಲಿಗೆ ಕಟ್ಟುವವರು ಪ್ರತಿ ಗಂಟಿಗೂ ನಾರನ್ನು ಒಂದೇ ಬಿಗಿಗೆ ಎಳೀತಾರಲ್ಲ, ಹಾಗೆ ಎಳೆತ ಒಂದೇ ಸಮ ಇರಬೇಕು. ಹೊಟ್ಟೆ ದಪ್ಪ ಆಗುವಲ್ಲಿ ಸಾಲಿನ ನಡುವೆ ಸಂದು ಕಂಡ್ರೆ ಒಂದೇ ಬಾಗಿಗೆ ಎರಡು ಕುಣಿಕೆ ಹಾಕಿ, ಸಪೂರ ಆಗುವಲ್ಲಿ ಒಂದು ಬಾಗು ಬಿಟ್ಟು ಮುಂದಿನದ್ದಕ್ಕೆ ಹೋಗಿ. ಹಗ್ಗ ಮುಗಿದ್ರೆ ಗಂಟು ಹಾಕ್ಬೇಡಿ, ಗಂಟು ಎದ್ದು ಅಲ್ಲೇ ಸವೀತದೆ. ಗೂಟದಲ್ಲಿ ಸಂದು ಮಾಡಿ ತುದಿಯನ್ನು ತಿರುಳಿನೊಳಗೆ ತುರುಕಿ, ಹೊಸ ಹಗ್ಗವನ್ನೂ ಅದರ ಪಕ್ಕದಿಂದಲೇ ಹೊರಗೆ ತೆಗೆದು ಮುಂದುವರಿಸಿ.

ಅಡಿಗೆ ಬಂದಾಗ ಕಾಲುಗಳನ್ನು ಕತ್ತರಿಸಿ ಸಮ ಮಾಡಿ, ಒಂದು ಬಿಟ್ಟು ಒಂದು ಬಾಗಿಗೆ ಕುಣಿಕೆ ಹಾಕ್ತಾ ಬಾಯಿ ಮುಚ್ಚಿ, ಕೊನೆಯ ತುದಿಯನ್ನು ತಿರುಳಿನೊಳಗಿಂದ ಬದಿಗೆ ಎಳೆದು ಕತ್ತರಿಸಿ.

ಹುರಿಹಗ್ಗ ಆದ್ರೆ ಬಕೆಟಿನಲ್ಲಿ ನೆನೆಸಿ ಹೆಣೆಯಬೇಡಿ. ನಾರಿನ ಹಗ್ಗ ನೆನೆದಾಗ ಉಬ್ಬಿ ಗಿಡ್ಡ ಆಗ್ತದೆ, ಒಣಗಿದಾಗ ಸಡಿಲ ಆಗ್ತದೆ, ಪೂರ್ತಿ ನೆನೆಸಿ ಹೆಣೆದ್ರೆ ಒಣಗಿದ ದಿನವೇ ಹೊದಿಕೆ ಜೋಲ್ತದೆ. ಕೈಗೆ ತಿರುಗುವಷ್ಟು ನೀರು ಚಿಮುಕಿಸಿ, ಅಷ್ಟು ಸಾಕು, ಆಮೇಲೆ ಸಮುದ್ರದ ನೀರು ತಾಗಿದಾಗ ಅದೇ ಇನ್ನಷ್ಟು ಬಿಗೀತದೆ.

ಪ್ರಶ್ನೆ: ಕಯಾಕ್, ಪಾತಿ ದೋಣಿಗೆ ಇಷ್ಟು ದೊಡ್ಡದು ಬೇಡ, ಸಣ್ಣದು ಸುಲಭದಲ್ಲಿ ಆಗ್ತದಾ? (ಸಾಲಿಗ್ರಾಮ)

ಉತ್ತರ: ಆಗ್ತದೆ. ಎರಡು ಹಗ್ಗವನ್ನು ಅಡ್ಡ ಉದ್ದ ಇಟ್ಟು ನಡುವಲ್ಲಿ ಕಟ್ಟಿ, ನಾಲ್ಕು ಕಾಲು ಸಿಗ್ತದೆ. ಪ್ರತಿ ಕಾಲನ್ನು ಪಕ್ಕದ ಕಾಲಿನ ಮೇಲೆ ಮಡಚಿ, ನಾಲ್ಕನೆಯದ್ದನ್ನು ಮೊದಲನೆಯದರ ಕುಣಿಕೆಯೊಳಗೆ ತೂರಿಸಿ ನಾಲ್ಕನ್ನೂ ಎಳೀರಿ. ಹೀಗೇ ಒಂದರ ಮೇಲೊಂದು. ಯಾವಾಗ್ಲೂ ಒಂದೇ ದಿಕ್ಕಿಗೆ ಮಡಚಿದ್ರೆ ಉರುಟು ಬರ್ತದೆ, ಒಮ್ಮೆ ಬಲ ಒಮ್ಮೆ ಎಡ ಮಾಡಿದ್ರೆ ಚೌಕ. ಮಕ್ಕಳೂ ಕಲೀತಾರೆ.

ಪ್ರಶ್ನೆ: ನಮ್ಮ ಅಜ್ಜ ಮರದ ದೋಣಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳೀತಿದ್ದರು. ಹಗ್ಗದ ಫೆಂಡರಿಗೂ ಹಚ್ಬಹುದಾ? (ಗಂಗೊಳ್ಳಿ)

ಉತ್ತರ: ಮರಕ್ಕೆ ಅದು ಒಳ್ಳೆ ಮದ್ದು, ಫೆಂಡರಿಗೆ ಬೇಡ. ಫೆಂಡರನ್ನು ದಿನಾ ಕೈಯಲ್ಲಿ ಮುಟ್ಟಬೇಕು, ಆ ಎಣ್ಣೆ ಚರ್ಮಕ್ಕೆ ತಾಗಿದ್ರೆ ಸುಟ್ಟು ಬೊಬ್ಬೆ ಬರ್ತದೆ, ಪಕ್ಕದವರ ದೋಣಿಗೂ ಕಲೆ ಹತ್ತುತ್ತದೆ, ಆಮೇಲೆ ಜಗಳ. ಹುರಿಹಗ್ಗದ್ದನ್ನು ಉಳಿಸ್ಲಿಕ್ಕೆ ಒಣಗಿಸೋದೇ ದಾರಿ. ಮಳೆಗಾಲದ ರಜೆಯಲ್ಲಿ ದೋಣಿಯಿಂದ ಬಿಚ್ಚಿ ಮನೆಗೆ ತನ್ನಿ, ಬಚ್ಚಲಿನ ಒಲೆಯ ಹೊಗೆ ಬರುವಲ್ಲಿ ಮೇಲೆ ನೇತು ಹಾಕಿ. ಆ ಎರಡು ತಿಂಗಳು ದೋಣಿಗೆ ಟಯರ್ ಇರ್ಲಿ, ತೂತು ಹೊಡೆದ ಟಯರ್.

ಪ್ರಶ್ನೆ: ಕಟ್ಟಿದ್ದು ಸರಿ, ಆದ್ರೆ ಜೆಟ್ಟಿಯ ಕಂಬಕ್ಕೆ ತಾಗಿ ಫೆಂಡರ್ ಬದಿಗೆ ಜಾರಿ ಹೋಗ್ತದೆ, ದೋಣಿ ಸೀದಾ ಕಂಬಕ್ಕೆ ಬಡೀತದೆ. (ಬೆಂಗ್ರೆ)

ಉತ್ತರ: ಕಂಬ ಇರುವಲ್ಲಿ ಫೆಂಡರನ್ನು ಲಂಬವಾಗಿ, ಮೇಲಿಂದ ಕೆಳಕ್ಕೆ ನೇತು ಹಾಕಿದ್ರೆ ಜಾರುವುದೇ. ಅಂಥಾ ಕಡೆ ಅಡಿಯಲ್ಲೂ ಒಂದು ಕಣ್ಣು ಮಾಡಿ, ಎರಡು ಕಡೆಯಿಂದ ಕಟ್ಟಿ ಅಡ್ಡ ಮಲಗಿಸಿ. ಸಪಾಟು ಗೋಡೆ, ಪಕ್ಕದ ದೋಣಿ ಆದ್ರೆ ಲಂಬವೇ ಸರಿ. ನಮ್ಮಲ್ಲಿ ಭರತ ಇಳಿತದ ವ್ಯತ್ಯಾಸ ಗುಜರಾತಿನ ಖಂಭಾತ್ ಕಡೆಯ ಹಾಗೆ ಹತ್ತು ಮೀಟರ್ ಇಲ್ಲ, ಒಂದೂವರೆ ಮೀಟರ್ ಆಸುಪಾಸು, ಆದ್ರೂ ಗೋಡೆಗೆ ಕಟ್ಟಿದ ದೋಣಿ ಅಷ್ಟು ಏರಿಳಿದಾಗ ಫೆಂಡರ್ ಗೋಡೆಯ ಅಂಚಿನ ಮೇಲೆ ಹೋಗಿ ಕೂರ್ತದೆ, ರಾತ್ರಿ ಬಿಟ್ಟು ಹೋಗುವ ಮೊದಲು ಇದನ್ನು ನೋಡ್ಕೊಳ್ಳಿ. ನೀರಲ್ಲಿ ಮುಳುಗುವಷ್ಟು ಕೆಳಗೆ ಬೇಡ, ಚಿಪ್ಪು ಕೂತು ಫೈಬರ್ ಕೆರೀತದೆ. ನೇತು ಹಾಕುವ ಹಗ್ಗ ತೀರಾ ಗಟ್ಟಿಯದ್ದೂ ಬೇಡ. ಫೆಂಡರ್ ಎಲ್ಲಾದ್ರೂ ಸಿಕ್ಕಿಹಾಕಿಕೊಂಡ್ರೆ ಆ ಹಗ್ಗ ತುಂಡಾಗಬೇಕು, ದೋಣಿಯ ರೇಲಿಂಗ್ ಕಿತ್ತು ಬರಬಾರದು. ಕಾಲುವೆ ದೋಣಿಯವರು ಇದಕ್ಕೇ ಅಂತ ಬೇಗ ತುಂಡಾಗುವ ಕೊಂಡಿ ಹಾಕ್ತಾರೆ. ದೋಣಿ ಹೊರಟ ಕೂಡ್ಲೇ ಮೇಲೆತ್ತಿ.

ಪ್ರಶ್ನೆ: ನಮ್ಮ ಅಮ್ಮನಿಗೆ ಹುರಿ ಹೊಸೆಯೋದು ಚೆನ್ನಾಗಿ ಗೊತ್ತು. ಇದನ್ನು ಮಾಡಿ ಮಾರಿದ್ರೆ ನಾಲ್ಕು ಕಾಸು ಆಗ್ಬಹುದಾ? (ಕುಂದಾಪುರ)

ಉತ್ತರ: ಅಕ್ಕ, ಸುಳ್ಳು ಆಸೆ ಕೊಡೋದಿಲ್ಲ, ಮೀನುಗಾರಿಕೆಯವರು ದುಡ್ಡು ಕೊಟ್ಟು ತಗೊಳ್ಳೋದು ಕಷ್ಟ, ಅವರಿಗೆ ಟಯರ್ ಪುಕ್ಕಟೆ. ನೀವು ನೋಡಬೇಕಾದ್ದು ಕೋಡಿ ಬೆಂಗ್ರೆ, ಕೆಮ್ಮಣ್ಣು ಕಡೆಯ ಹೌಸ್‌ಬೋಟಿನವರನ್ನು, ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ಜನ ಕರ್ಕೊಂಡು ಹೋಗುವ ಬೋಟಿನವರನ್ನು, ಬೀಚ್ ಪಕ್ಕದ ರೆಸಾರ್ಟಿನವರನ್ನು. ಅವರಿಗೆ ಬೋಟು ಚಂದ ಕಾಣೋದೂ ಮುಖ್ಯ. ಇದೇ ಕೆಲಸದಲ್ಲಿ ಗಾಳಿಗೆ ಬಾಗಿಲು ಹಾಕಿಕೊಳ್ಳದ ಹಾಗೆ ಇಡುವ ಉಂಡೆ ಮಾಡ್ಬಹುದು, ಅದಕ್ಕೆ ಮನೆಯವರೇ ಗಿರಾಕಿ. ಬೆಲೆ ಹೇಳುವಾಗ ಹಗ್ಗದ ಖರ್ಚು ಮಾತ್ರ ಲೆಕ್ಕ ಹಾಕ್ಬೇಡಿ, ಅಮ್ಮ ಕೂತ ಹೊತ್ತಿಗೆ ದಿನದ ಸಂಬಳ ಹಾಕಿ, ಅದಕ್ಕಿಂತ ಕಡಿಮೆಗೆ ಕೇಳಿದವರಿಗೆ ಕೊಡಬೇಡಿ. ಮೊದಲು ಒಂದು ಜೋಡಿ ಕಟ್ಟಿ ಯಾರಾದ್ರೂ ಪರಿಚಯದ ಬೋಟಿನವರಿಗೆ ಸೀಸನ್ ಶುರುವಿಗೆ ಬಳಸ್ಲಿಕ್ಕೆ ಕೊಡಿ, ಮೇ ತಿಂಗಳಲ್ಲಿ ವಾಪಸ್ ತಂದು ಎಲ್ಲಿ ಸವೆದಿದೆ, ಎಲ್ಲಿ ಜೋತಿದೆ ಅಂತ ಅಮ್ಮನ ಜೊತೆ ಕೂತು ನೋಡಿ, ಅದನ್ನು ಸರಿ ಮಾಡಿದ ಮೇಲೆ ಆರ್ಡರ್ ತಗೊಳ್ಳಿ.