ಹಾವು ಕಡಿದಿಲ್ಲ, ಕೊಂದಿದ್ದು ಜೋಳ

ಮಳೆ ಕೈಕೊಟ್ಟು, ಜೋಳ ಒಣಗಿ, ಮತ್ತೆ ನಾಲ್ಕು ಹನಿ ಬಿದ್ದಿತು ಅಂದರೆ ಸಾಕು, ನನಗೆ ಒಂದೇ ಪ್ರಶ್ನೆ ಬೇರೆ ಬೇರೆ ಊರಿನಿಂದ ಬರಲು ಶುರುವಾಗುತ್ತದೆ. ಈ ಸಲವೂ ಸಿಂದಗಿ, ಇಂಡಿ, ಬಸವನಬಾಗೇವಾಡಿ ಕಡೆಯಿಂದ ಬಂದಿದೆ. ಎಷ್ಟು ಸಲ ಹೇಳಿದರೂ ಮುಂದಿನ ವರ್ಷ ಮತ್ತೆ ದನ ಸಾಯುತ್ತವೆ. ಅದಕ್ಕೇ ಇವತ್ತು ಜಾಗವೆಲ್ಲ ಅದಕ್ಕೆ ಕೊಡುತ್ತಿದ್ದೇನೆ. ಉಳಿದವರಿಗೆ ಚುಟುಕು ಉತ್ತರ.

ಪ್ರಶ್ನೆ: ಮಳೆಯಾದ ಮೂರನೇ ದಿನ ನಮ್ಮ ಆಕಳು, ಎಮ್ಮೆ ಎರಡೂ ಕಣ್ಣಿ ಬಿಚ್ಚಿಕೊಂಡು ಜೋಳದ ಹೊಲಕ್ಕೆ ನುಗ್ಗಿದವು. ಅರ್ಧ ತಾಸಿನೊಳಗೆ ಬಿದ್ದು ಒದ್ದಾಡಿ ಸತ್ತವು. ಊರವರು ಹಾವು ಕಡಿದಿದೆ ಅಂದರು. ಕಿವಿ ಕೊಯ್ದು ರಕ್ತ ಬಿಟ್ಟೆವು, ಮಜ್ಜಿಗೆ ಹಾಕಿದೆವು, ಉಳಿಯಲಿಲ್ಲ. ಯಾವ ಹಾವು ಇಷ್ಟು ಬೇಗ ಕೊಲ್ಲುತ್ತದೆ?

ಉತ್ತರ: ಯಾವ ಹಾವೂ ಅಲ್ಲ. ಒಂದೇ ಹೊತ್ತಿಗೆ ಎರಡು ದನ, ಅದೂ ಎಳೆ ಜೋಳ ಮೇಯುತ್ತಿದ್ದವು, ಅಲ್ಲೇ ಬಿದ್ದವು ಅಂದರೆ ನಾನು ಮೊದಲು ನೋಡುವುದು ಹೊಲವನ್ನು, ಹುತ್ತವನ್ನಲ್ಲ. ನಿಮ್ಮ ದನಗಳನ್ನು ಕೊಂದಿದ್ದು ಜೋಳದಲ್ಲಿದ್ದ ಸೈನೈಡ್.

ಜೋಳದ ಎಲೆಯಲ್ಲಿ ಧುರಿನ್ ಅನ್ನುವ ವಸ್ತು ಇರುತ್ತದೆ. ಅದನ್ನು ಒಡೆಯುವ ಕಿಣ್ವ ಅದೇ ಎಲೆಯ ಬೇರೆ ಕೋಶಗಳಲ್ಲಿರುತ್ತದೆ. ಎಲೆ ಹಾಗೇ ಇದ್ದರೆ ಎರಡೂ ಸೇರುವುದಿಲ್ಲ, ತೊಂದರೆಯೂ ಇಲ್ಲ. ದನ ಅಗಿದಾಗ ಸೇರುತ್ತವೆ, ಹೈಡ್ರೋಜನ್ ಸೈನೈಡ್ ಹೊರಬರುತ್ತದೆ. ಮೆಲುಕು ಹಾಕುವ ದನದ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳೂ ಇದೇ ಕೆಲಸ ಮಾಡುತ್ತವೆ. ಹಾಗಾಗಿ ಕುದುರೆ, ಹಂದಿಗಿಂತ ಆಕಳು ಎಮ್ಮೆಗೆ ಇದರ ಅಪಾಯ ಜಾಸ್ತಿ.

ಈಗ ಲೆಕ್ಕ ನೋಡಿ. ದನದ ಪ್ರತಿ ಕಿಲೋ ತೂಕಕ್ಕೆ ಸುಮಾರು 2 ಮಿಲಿಗ್ರಾಂ ಸೈನೈಡ್ ಸಾಕು, ಜೀವ ಹೋಗುತ್ತದೆ. 400 ಕಿಲೋ ಎಮ್ಮೆಗೆ 800 ಮಿಲಿಗ್ರಾಂ, ಅಂದರೆ ಒಂದು ಗ್ರಾಂ ಕೂಡ ಬೇಡ. ಹಸಿ ಮೇವಿನ ಪ್ರತಿ ಕಿಲೋದಲ್ಲಿ 200 ಮಿಲಿಗ್ರಾಂ ಇದ್ದರೆ ಅದು ಅಪಾಯದ ಮೇವು. ಅಂಥದ್ದನ್ನು ನಾಲ್ಕು ಕಿಲೋ ತಿಂದರೆ ಮುಗಿಯಿತು. ಹಸಿದ ಎಮ್ಮೆ ನಾಲ್ಕು ಕಿಲೋ ಹಸಿರು ತಿನ್ನಲು ಎಷ್ಟು ಹೊತ್ತು ಬೇಕು, ನಿಮಗೇ ಗೊತ್ತು.

ಇಲ್ಲಿ 'ಹಸಿದ' ಅನ್ನುವುದೇ ಮುಖ್ಯ. ನಿಧಾನಕ್ಕೆ ಸ್ವಲ್ಪ ಸ್ವಲ್ಪ ತಿಂದರೆ ದನದ ಲಿವರ್ ಈ ವಿಷವನ್ನು ಬೇರೆ ರೂಪಕ್ಕೆ ತಿರುಗಿಸಿ ಮೂತ್ರದಲ್ಲಿ ಹೊರಹಾಕುತ್ತದೆ. ಖಾಲಿ ಹೊಟ್ಟೆಯಲ್ಲಿ ಗಬಗಬ ತಿಂದಾಗ ಲಿವರ್‌ಗೆ ಆ ಪುರಸೊತ್ತೇ ಸಿಗುವುದಿಲ್ಲ. 'ಪಕ್ಕದ ಮನೆಯ ಆಕಳೂ ಅದೇ ಹೊಲದಲ್ಲಿ ಮೇಯ್ದಿತು, ಅದಕ್ಕೇನೂ ಆಗಲಿಲ್ಲ, ಅಂದ ಮೇಲೆ ಜೋಳದ್ದು ತಪ್ಪಿಲ್ಲ' ಎಂದು ವಾದ ಮಾಡುವವರು ಆ ಆಕಳು ಬೆಳಗ್ಗೆ ಏನು ತಿಂದಿತ್ತು ಎಂದು ಮೊದಲು ಕೇಳಿಕೊಂಡು ಬನ್ನಿ.

ಎಲ್ಲ ಜೋಳವೂ ಎಲ್ಲ ಕಾಲದಲ್ಲೂ ವಿಷವಲ್ಲ. ಮೊಣಕಾಲುದ್ದಕ್ಕಿಂತ ಚಿಕ್ಕ ಪೈರು, ನೀರಿಲ್ಲದೆ ಸೊರಗಿ ನಿಂತದ್ದು, ಆಮೇಲೆ ಮಳೆ ಬಿದ್ದು ತಟ್ಟನೆ ಚಿಗುರಿದ್ದು, ಕೊಯ್ದ ಮೇಲೆ ಬಂದ ಕೂಳೆ, ಇವೇ ಕೊಲ್ಲುವುದು. ಯೂರಿಯಾ ಜಾಸ್ತಿ ಸುರಿದ ಹೊಲದಲ್ಲಿ ಇನ್ನೂ ಜೋರು. ಹೂ ಬಿಟ್ಟ ಮೇಲೆ ವಿಷ ಕಡಿಮೆಯಾಗುತ್ತಾ ಹೋಗುತ್ತದೆ. ಕಾಳು ಕಟ್ಟಿ, ಒಣಗಿ, ಬಣವೆ ಸೇರಿದ ಕಣಿಕೆಯಲ್ಲಿ ಈ ಭಯ ಇಲ್ಲ.

'ನಮ್ಮ ಅಜ್ಜನ ಕಾಲದಿಂದ ಜೋಳದ ಮೇವೇ ಹಾಕಿದ್ದೇವೆ, ಆಗ ಯಾಕೆ ಸಾಯಲಿಲ್ಲ' ಎಂದು ಇನ್ನೊಬ್ಬರು ಜಗಳಕ್ಕೇ ಬಂದಿದ್ದಾರೆ. ಅಜ್ಜ ಹಾಕಿದ್ದು ಕಣಿಕೆ. ಅಲ್ಲದೆ ನಮ್ಮ ಎರೆ ಹೊಲದಲ್ಲಿ ಹಿಂಗಾರಿ ಜೋಳವನ್ನು ಬೇರು ಸಮೇತ ಕೀಳುವ ರೂಢಿ ಇತ್ತು, ಈಗಲೂ ಎಷ್ಟೋ ಕಡೆ ಇದೆ. ಕಿತ್ತ ಹೊಲದಲ್ಲಿ ಕೂಳೆ ಎಲ್ಲಿಂದ ಬರಬೇಕು? ಈಗ ಕುಡುಗೋಲಿನಲ್ಲೋ ಮಷಿನ್‌ನಲ್ಲೋ ಕೊಯ್ದು ಬುಡ ಬಿಡುತ್ತೇವೆ, ಅಕಾಲದ ಮಳೆಗೆ ಅದು ಚಿಗುರುತ್ತದೆ, ಬೇಸಿಗೆಯಲ್ಲಿ ಕಣ್ಣಿಗೆ ಬೀಳುವ ಹಸಿರು ಅದೊಂದೇ.

ಲಕ್ಷಣ ಹೇಳುತ್ತೇನೆ. ತಿಂದ ಹತ್ತು ಹದಿನೈದು ನಿಮಿಷಕ್ಕೇ ಉಸಿರು ಜೋರಾಗುತ್ತದೆ, ಜೊಲ್ಲು ಸುರಿಯುತ್ತದೆ, ಮೈ ನಡುಗುತ್ತದೆ, ಕಾಲು ತೊಡರುತ್ತದೆ, ಬೀಳುತ್ತದೆ. ಆಗ ಕಣ್ಣಿನ ಕೆಳರೆಪ್ಪೆ ಸ್ವಲ್ಪ ಎಳೆದು ನೋಡಿ. ಉಸಿರುಕಟ್ಟಿದ ದನಕ್ಕೆ ಅದು ನೀಲಿಗಟ್ಟಬೇಕು. ಇದರಲ್ಲಿ ಕೆಂಪಗೆ ಹೊಳೆಯುತ್ತಿರುತ್ತದೆ. ರಕ್ತದಲ್ಲಿ ಆಮ್ಲಜನಕ ಬೇಕಾದಷ್ಟಿದೆ, ಆದರೆ ಜೀವಕೋಶಗಳು ಅದನ್ನು ಬಳಸದಂತೆ ಸೈನೈಡ್ ತಡೆದಿರುತ್ತದೆ. ಕಿವಿ ಕೊಯ್ದಾಗ ಕೆಂಪು ರಕ್ತ ಚಿಮ್ಮಿದ್ದಕ್ಕೆ 'ನಂಜು ಇಳಿಯಿತು' ಎಂದು ಹೇಳಿ ದುಡ್ಡು ತೆಗೆದುಕೊಂಡು ಹೋಗುವವರಿಗೆ ಇದು ಗೊತ್ತಿಲ್ಲ, ಗೊತ್ತಿದ್ದರೂ ಹೇಳುವುದಿಲ್ಲ.

ಮಜ್ಜಿಗೆ, ಎಣ್ಣೆ, ಹುಣಸೆ ನೀರು ಯಾವುದನ್ನೂ ಒದ್ದಾಡುವ ದನದ ಬಾಯಿಗೆ ಸುರಿಯಬೇಡಿ. ಅದು ನುಂಗುವುದಿಲ್ಲ, ಶ್ವಾಸಕೋಶಕ್ಕೆ ಇಳಿಯುತ್ತದೆ. ವಿಷದಿಂದ ಬದುಕಬಹುದಾಗಿದ್ದ ದನ ಅದರಿಂದ ಸಾಯುತ್ತದೆ. ಇದನ್ನು ಕೋಪದಿಂದಲೇ ಬರೆಯುತ್ತಿದ್ದೇನೆ.

ಮದ್ದು ಇದೆ. ಸೋಡಿಯಂ ನೈಟ್ರೈಟ್ ಮತ್ತು ಸೋಡಿಯಂ ಥಯೋಸಲ್ಫೇಟ್, ಎರಡನ್ನೂ ರಕ್ತನಾಳಕ್ಕೆ ಕೊಡಬೇಕು. ಸಮಯಕ್ಕೆ ಸಿಕ್ಕರೆ ಬಿದ್ದ ದನ ಕಣ್ಣೆದುರೇ ಎದ್ದು ನಿಲ್ಲುತ್ತದೆ. ಪ್ರಮಾಣ ಎಷ್ಟು ಎಂದು ಕೇಳಬೇಡಿ, ಬರೆಯುವುದಿಲ್ಲ. ಯಾಕೆಂದರೆ ಬರಕ್ಕೆ ಸಿಕ್ಕ ಜೋಳದಲ್ಲಿ ನೈಟ್ರೇಟ್ ವಿಷವೂ ಕೂಡಿರಬಹುದು. ಅದರಲ್ಲಿ ರಕ್ತ ಚಾಕೊಲೇಟ್ ಬಣ್ಣಕ್ಕೆ ತಿರುಗುತ್ತದೆ. ಅಂಥ ದನಕ್ಕೆ ಸೋಡಿಯಂ ನೈಟ್ರೈಟ್ ಚುಚ್ಚಿದರೆ ನೀವೇ ಕೊಂದಂತೆ. ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ, ಹತ್ತಿರದ ಪಶುವೈದ್ಯರಿಗೂ ಮಾಡಿ, 'ಜೋಳ ತಿಂದು ಬಿದ್ದಿದೆ' ಅನ್ನುವ ಮಾತನ್ನೇ ಮೊದಲು ಹೇಳಿ. ಅವರು ಮದ್ದು ತೆಗೆದುಕೊಂಡೇ ಹೊರಡುತ್ತಾರೆ. ಉಳಿದ ದನಗಳನ್ನು ಕೂಡಲೇ ಹೊಲದಿಂದ ಹೊರಗೆ ತನ್ನಿ, ಆದರೆ ಓಡಿಸಬೇಡಿ. ಒಂದೆರಡು ತಾಸು ತಡೆದುಕೊಂಡ ದನ ಸಾಮಾನ್ಯವಾಗಿ ಉಳಿಯುತ್ತದೆ.

ಸತ್ತರೆ ಅವಸರದಲ್ಲಿ ಹೂಳಬೇಡಿ. ಮರಣೋತ್ತರ ಪರೀಕ್ಷೆ ಮಾಡಿಸಿ, ವಿಮೆಗೂ ಅದು ಬೇಕು. ಹೊಟ್ಟೆ ಬಿಚ್ಚಿದ ತಕ್ಷಣ ಕಹಿ ಬಾದಾಮಿಯ ವಾಸನೆ ಬರುತ್ತದೆ, ಎಲ್ಲರ ಮೂಗಿಗೂ ಅದು ಸಿಗುವುದಿಲ್ಲ. ನಾವು ಹೊಟ್ಟೆಯಲ್ಲಿದ್ದ ಮೇವನ್ನು ಬಾಟಲಿಗೆ ಹಾಕಿ, ಪಿಕ್ರೇಟ್ ಅನ್ನುವ ರಾಸಾಯನಿಕದಲ್ಲಿ ಅದ್ದಿದ ಹಳದಿ ಕಾಗದದ ಪಟ್ಟಿಯನ್ನು ಮುಚ್ಚಳಕ್ಕೆ ಸಿಕ್ಕಿಸಿ ಬಿಗಿಯಾಗಿ ಮುಚ್ಚುತ್ತೇವೆ. ಸೈನೈಡ್ ಇದ್ದರೆ ನೋಡುತ್ತಿದ್ದಂತೆ ಹಳದಿ ಕಾಗದ ಅಂಚಿನಿಂದ ಕಂದಾಗಿ, ಆಮೇಲೆ ಇಟ್ಟಿಗೆ ಕೆಂಪಾಗುತ್ತದೆ. ಹಾವು ಅಂತ ಹಟ ಹಿಡಿದವರಿಗೆ ನಾನು ಆ ಕಾಗದವನ್ನೇ ತೋರಿಸುತ್ತೇನೆ. ತಡ ಮಾಡಿದರೆ ಅನಿಲ ಹಾರಿಹೋಗಿ ಪರೀಕ್ಷೆಯಲ್ಲಿ ಏನೂ ಸಿಗುವುದಿಲ್ಲ.

ಮುಂದಿನ ಸಲಕ್ಕೆ: ಹಸಿರು ಜೋಳ ಹಾಕುವ ಮುಂಚೆ ಹೊಟ್ಟೆ ತುಂಬ ಕಣಿಕೆ ತಿನ್ನಿಸಿ. ಹೂ ಬಿಡುವವರೆಗೆ ಮೇವಿಗೆ ಕೊಯ್ಯಬೇಡಿ. ಬರದ ನಂತರ ಮಳೆಯಾದರೆ ಕನಿಷ್ಠ ಎರಡು ವಾರ ಆ ಹೊಲ ಮುಟ್ಟಬೇಡಿ. ಅರ್ಧ ದಿನ ಬಾಡಿಸಿದರೆ ಸಾಕು ಅನ್ನುವುದು ಸುಳ್ಳು, ಪೂರ್ತಿ ಒಣಗಬೇಕು. ಕೂಳೆಯನ್ನು ಹರಗಿಬಿಡಿ. ನನ್ನನ್ನು ಕೇಳಿದರೆ ಕೂಳೆಗೆ ದನ ಬಿಡುವ ಯೋಚನೆಯೇ ಬೇಡ. ಕೆಲವು ಪುಸ್ತಕಗಳು ಇಷ್ಟುದ್ದ ಬೆಳೆದ ಮೇಲೆ ಬಿಡಬಹುದು ಅನ್ನುತ್ತವೆ, ನಾನು ಹೇಳುವುದಿಲ್ಲ.

ಪ್ರಶ್ನೆ: ಎತ್ತು ಕುಂಟುತ್ತಿದೆ, ಬರೆ ಹಾಕಿಸೋಣವೇ?

ಉತ್ತರ: ಬೇಡ. ಗೊರಸು ಎತ್ತಿ ನೋಡಿ, ಮುಳ್ಳೋ ಮೊಳೆಯೋ ಇರುತ್ತದೆ.

ಪ್ರಶ್ನೆ: ಚರ್ಮಗಂಟು ರೋಗ ಮನುಷ್ಯರಿಗೆ ಬರುತ್ತದೆಯೇ?

ಉತ್ತರ: ಇಲ್ಲ. ಈ ಪ್ರಶ್ನೆ ಇನ್ನು ಸಾಕು. ದನಕ್ಕೆ ಲಸಿಕೆ ಹಾಕಿಸಿ.

ಪ್ರಶ್ನೆ: ಕರು ಸತ್ತ ಎಮ್ಮೆ ಹಾಲು ಇಳಿಸುವುದಿಲ್ಲ. ಅಂಗಡಿಯಲ್ಲಿ ಸಿಗುವ ಇಂಜೆಕ್ಷನ್ ದಿನಾ ಕೊಡಬಹುದೇ?

ಉತ್ತರ: ಅದು ಆಕ್ಸಿಟೋಸಿನ್. ಚೀಟಿ ಇಲ್ಲದೆ ಮಾರುವುದೇ ತಪ್ಪು. ಎಮ್ಮೆಯ ಆರೋಗ್ಯ ಕೆಡಿಸಿ ಹಾಲು ಹೆಚ್ಚಿಸಲು ಹೀಗೆ ಚುಚ್ಚುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 12ನೇ ಸೆಕ್ಷನ್‌ನಲ್ಲಿ ಅಪರಾಧ. ಎರಡು ವರ್ಷದವರೆಗೆ ಜೈಲು ಆಗಬಹುದು, ಎಮ್ಮೆಯನ್ನೂ ಸರ್ಕಾರ ತೆಗೆದುಕೊಳ್ಳಬಹುದು. ದಿನಾ ಒಂದೇ ಹೊತ್ತಿಗೆ, ಒಬ್ಬರೇ ಹಾಲು ಕರೆಯಿರಿ. ಎಮ್ಮೆಯ ಮುಂದೆ ಹಿಂಡಿ, ಬೂಸಾ ಇಡಿ, ಕೆಚ್ಚಲಿಗೆ ಬಿಸಿನೀರಿನ ಬಟ್ಟೆ ಹಿಡಿದು ಸಾವಕಾಶ ತಿಕ್ಕಿ. ಕೆಲವು ದಿನ ತಾಳ್ಮೆ ಬೇಕು.

ಪ್ರಶ್ನೆ: ಬೆಂಗಳೂರಿನ ಫ್ಲಾಟ್‌ಗೆ ಮುಧೋಳ ನಾಯಿ ತರಬಹುದೇ?

ಉತ್ತರ: ದಿನಾ ಓಡಿಸಲು ಬಯಲಿಲ್ಲದಿದ್ದರೆ ಬೇಡ. ತರುವುದೇ ಆದರೆ ಸಂತೆಯ ದಲ್ಲಾಳಿಯನ್ನು ನಂಬಬೇಡಿ, ಮುಧೋಳ ಹತ್ತಿರದ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಿ.

ಪ್ರಶ್ನೆ: ಆಕಳಿಗೆ ಹುಚ್ಚು ನಾಯಿ ಕಚ್ಚಿದೆ. ಗಾಯಕ್ಕೆ ಸುಣ್ಣ, ಖಾರದ ಪುಡಿ ಹಚ್ಚಿದ್ದೇವೆ. ಕಾಸಿದ ಹಾಲು ಕುಡಿದಿದ್ದೇವೆ, ಭಯವಾಗುತ್ತಿದೆ.

ಉತ್ತರ: ಕಾಸಿದ ಹಾಲಿನಲ್ಲಿ ರೇಬೀಸ್ ವೈರಸ್ ಉಳಿಯುವುದಿಲ್ಲ, ಆ ಭಯ ಬಿಡಿ. ಖಾರ ಹಚ್ಚಿದ್ದನ್ನು ಸೋಪು ಹಾಕಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ, ಕೈಗೆ ಗ್ಲೌಸ್ ಹಾಕಿಕೊಂಡು. ಆಕಳಿಗೆ ಇವತ್ತೇ ಲಸಿಕೆ ಶುರುವಾಗಬೇಕು. 0, 3, 7, 14, 28ನೇ ದಿನದ ಡೋಸ್‌ಗಳಲ್ಲಿ ಒಂದನ್ನೂ ತಪ್ಪಿಸಬೇಡಿ. ಅದರ ಬಾಯೊಳಗೆ ಕೈ ಹಾಕಿದವರು, ಜೊಲ್ಲು ತಾಗಿದ ಕೈಯಲ್ಲಿ ಗಾಯ ಇದ್ದವರು ಮಾತ್ರ ತಡ ಮಾಡದೆ ಸರ್ಕಾರಿ ಆಸ್ಪತ್ರೆಗೆ ಹೋಗಿ. ದಾರ ಕಟ್ಟಿಸಿಕೊಂಡು ಬಂದೆ ಎಂದು ನನಗೆ ಫೋನ್ ಮಾಡಬೇಡಿ, ಮೊದಲು ಆಸ್ಪತ್ರೆಗೆ ಹೋಗಿ.